ಸರ್ಚ್ ಕನ್ಸೋಲ್: ಬೇರೆ ಟೂಲ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಪೂರ್ತಿ ಬಳಸಿಕೊಳ್ಳಿ

ಒಬ್ಬರೋ ಇಬ್ಬರೋ ಸೇರಿ ನಡೆಸುವ ಸಣ್ಣ ಸೈಟಿಗೆ ಯಾವ ಎಸ್‌ಇಒ (ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸ) ಟೂಲ್ ಕೊಳ್ಳಬೇಕು ಎಂದು ಕೇಳುವವರು ಬಹಳ. ಅವರಲ್ಲಿ ಹೆಚ್ಚಿನವರ ಖಾತೆಯಲ್ಲಿ ಗೂಗಲ್‌ನ ಉಚಿತ ಟೂಲ್ ಆದ ಸರ್ಚ್ ಕನ್ಸೋಲ್ ಆಗಲೇ ಇರುತ್ತದೆ, ತೆರೆದು ನೋಡಿ ತಿಂಗಳುಗಳೇ ಆಗಿರುತ್ತವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಟೂಲ್‌ಗಳು ನಿಮ್ಮ ಸೈಟಿಗೆ ಎಷ್ಟು ಜನ ಬರುತ್ತಿರಬಹುದು ಎಂದು ಹೊರಗಿನಿಂದ ಅಂದಾಜು ಮಾಡುತ್ತವೆ. ಸರ್ಚ್ ಕನ್ಸೋಲ್‌ನಲ್ಲಿರುವುದು ಗೂಗಲ್ ತಾನೇ ಇಟ್ಟ ಲೆಕ್ಕ: ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟನೇ ಜಾಗದಲ್ಲಿ ಕಾಣಿಸಿತು, ಎಷ್ಟು ಮಂದಿ ಒತ್ತಿದರು. ದಿನಕ್ಕೆ ಕೆಲವೇ ಕ್ಲಿಕ್ ಬರುವ ಸೈಟಿನ ವಿಷಯದಲ್ಲಿ ಹೊರಗಿನ ಅಂದಾಜು ಬಹುಪಾಲು ಹುಸಿ ಹೋಗುತ್ತದೆ. ಹಾಗಾಗಿ ಸಣ್ಣವರಿಗೆ ಇದರಷ್ಟು ಉಪಯೋಗದ ಟೂಲ್ ಇನ್ನೊಂದಿಲ್ಲ. ಆದರೆ ಇದರ ಅಂಕಿಗಳನ್ನು ಓದುವ ಬಗೆ ಗೊತ್ತಿರಬೇಕು. ತಪ್ಪಾಗಿ ಓದಿ, ಚೆನ್ನಾಗಿ ನಡೆಯುತ್ತಿದ್ದ ಪುಟವನ್ನು ಕೈಯಾರೆ ಕೆಡಿಸಿಕೊಂಡವರು ಕಡಿಮೆಯಿಲ್ಲ.

2015ರವರೆಗೆ ಇದರ ಹೆಸರು ವೆಬ್‌ಮಾಸ್ಟರ್ ಟೂಲ್ಸ್. ಹಳೆಯ ಪಾಠಗಳಲ್ಲಿ ಆ ಹೆಸರು ಕಂಡರೆ ಗಲಿಬಿಲಿ ಬೇಡ, ಎರಡೂ ಒಂದೇ.

ಸೈಟನ್ನು ಸೇರಿಸುವಾಗ ಎರಡು ಆಯ್ಕೆ ಎದುರಾಗುತ್ತವೆ: ಡೊಮೇನ್ ಪ್ರಾಪರ್ಟಿ (ಇಡೀ ಸೈಟಿನ ಹೆಸರು) ಮತ್ತು ಯುಆರ್‌ಎಲ್ ಪ್ರಿಫಿಕ್ಸ್ ಪ್ರಾಪರ್ಟಿ (ಒಂದು ನಿರ್ದಿಷ್ಟ ವಿಳಾಸದಿಂದ ಶುರುವಾಗುವ ಪುಟಗಳು ಮಾತ್ರ). ಡೊಮೇನನ್ನೇ ಆರಿಸಿ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವುದು, ಇಲ್ಲದ್ದು, ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಸಬ್‌ಡೊಮೇನ್‌ಗಳು ಎಲ್ಲವೂ ಒಂದೇ ಲೆಕ್ಕದಲ್ಲಿ ಬರುತ್ತವೆ. ಡೊಮೇನ್ ನಿಮ್ಮದೆಂಬುದಕ್ಕೆ ಡಿಎನ್‌ಎಸ್ (ಡೊಮೇನ್ ಹೆಸರಿಗೆ ಸೇರಿದ ದಾಖಲೆಗಳ ಪಟ್ಟಿ) ಮೂಲಕವೇ ಪುರಾವೆ ಕೊಡಬೇಕು. ಗೂಗಲ್ ಕೊಡುವ ಒಂದು ಸಾಲನ್ನು ನಕಲು ಮಾಡಿ, ಡೊಮೇನ್ ಕೊಂಡ ಕಡೆಯ ಡಿಎನ್‌ಎಸ್ ಪುಟದಲ್ಲಿ ಟಿಎಕ್ಸ್‌ಟಿ ರೆಕಾರ್ಡ್ ಆಗಿ ಸೇರಿಸಿ. ಕೂಡಲೇ ಒಪ್ಪದಿದ್ದರೆ ಕೆಲವು ಗಂಟೆ ಬಿಟ್ಟು ಮತ್ತೆ ಒತ್ತಿ. ಕೆಲಸ ಮುಗಿಯಿತೆಂದು ಆ ರೆಕಾರ್ಡನ್ನು ಅಳಿಸಬೇಡಿ. ಗೂಗಲ್ ಆಗಾಗ ಅದನ್ನು ಪರೀಕ್ಷಿಸುತ್ತದೆ, ಸಿಗದಿದ್ದರೆ ನಿಮ್ಮ ಹಕ್ಕು ಹೋಗುತ್ತದೆ. ಸೈಟ್ ಹುಟ್ಟಿದ ದಿನವೇ ಈ ಕೆಲಸ ಮುಗಿಸಿಬಿಡಿ. ಇನ್ನೊಬ್ಬರ ಮಾರಾಟತಾಣದೊಳಗೆ ಮಾತ್ರ ನಿಮ್ಮ ಅಂಗಡಿ ಇದ್ದರೆ ಡೊಮೇನ್ ನಿಮ್ಮದಲ್ಲ, ಆ ಪುಟಗಳ ಲೆಕ್ಕ ನಿಮಗೆ ಇಲ್ಲಿ ಸಿಗದು.

ಕೆಲಸವನ್ನು ಹೊರಗಿನವರಿಗೆ ವಹಿಸುವಾಗ ನಿಮ್ಮ ಪಾಸ್‌ವರ್ಡ್ ಕೊಡಬೇಡಿ, ಓನರ್ ಹಕ್ಕನ್ನೂ ಕೊಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಬಳಕೆದಾರರ ಪಟ್ಟಿಗೆ ಹೋಗಿ ಅವರ ಇಮೇಲನ್ನು ‘ಫುಲ್’ ಮಟ್ಟದಲ್ಲಿ ಸೇರಿಸಿದರೆ ಸಾಕು. ಅವರು ತಮ್ಮ ಟ್ಯಾಗನ್ನೋ ಫೈಲನ್ನೋ ಸೈಟಿಗೆ ಹಾಕಿ ತಾವೇ ಓನರ್ ಆಗಿದ್ದರೆ, ಮುಂದೊಂದು ದಿನ ಪಟ್ಟಿಯಿಂದ ಹೆಸರು ತೆಗೆದರಷ್ಟೇ ಆಗುವುದಿಲ್ಲ. ಆ ಟ್ಯಾಗ್ ಅಥವಾ ಫೈಲ್ ಸೈಟಿನಲ್ಲಿ ಉಳಿದಿರುವವರೆಗೆ ಅವರು ಮರಳಿ ಒಳಬರಬಹುದು. ಅದನ್ನೂ ಹುಡುಕಿ ತೆಗೆಯಿರಿ.

ಇನ್ನು ಈ ಟೂಲಿನ ಜೀವಾಳವಾದ ಪರ್ಫಾರ್ಮೆನ್ಸ್ ವರದಿ. ತೆರೆದ ಕೂಡಲೇ ಮೇಲಿನ ನಾಲ್ಕೂ ಚೌಕಗಳನ್ನು ಒತ್ತಿ ಆನ್ ಮಾಡಿ: ಕ್ಲಿಕ್, ಇಂಪ್ರೆಶನ್ (ಪುಟ ಫಲಿತಾಂಶದಲ್ಲಿ ಕಾಣಿಸಿದ ಸಲ), ಸಿಟಿಆರ್ (ಕಾಣಿಸಿದ್ದರಲ್ಲಿ ಎಷ್ಟು ಪಾಲು ಕ್ಲಿಕ್ ಆಯಿತು), ಸರಾಸರಿ ಪೊಸಿಷನ್ (ಫಲಿತಾಂಶದಲ್ಲಿನ ಜಾಗ). ನಾಲ್ಕರಲ್ಲಿ ಜನರನ್ನು ಹೆಚ್ಚು ದಾರಿ ತಪ್ಪಿಸುವುದು ಕೊನೆಯದು.

ಒಂದು ಪುಟ ಈ ತಿಂಗಳು ಒಂದೇ ಪದಕ್ಕೆ 100 ಬಾರಿ ಕಾಣಿಸಿತು, ಪ್ರತಿ ಬಾರಿಯೂ 4ನೇ ಜಾಗದಲ್ಲಿ ಎಂದುಕೊಳ್ಳಿ. ಸರಾಸರಿ 4. ಮುಂದಿನ ತಿಂಗಳು ಆ ಪದಕ್ಕೆ ಅದೇ 100, ಅದೇ 4ನೇ ಜಾಗ. ಜೊತೆಗೆ ಬೇರೆ ಹೊಸ ಪದಗಳಿಗೂ ಪುಟ 300 ಬಾರಿ 40ನೇ ಜಾಗದಲ್ಲಿ ಕಾಣಿಸಿತು. ಈಗ ಸರಾಸರಿ 31. ಗ್ರಾಫ್ ನೋಡಿದರೆ ಪುಟ ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ. ನಿಜವಾಗಿ ಏನೂ ಬಿದ್ದಿಲ್ಲ, ಗೂಗಲ್ ಆ ಪುಟವನ್ನು ಇನ್ನಷ್ಟು ಹುಡುಕಾಟಗಳಿಗೆ ಪರೀಕ್ಷಿಸಿ ನೋಡುತ್ತಿದೆ. ಹಾಗಾಗಿ ಇಡೀ ಸೈಟಿನ ಸರಾಸರಿ ಪೊಸಿಷನ್ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಒಂದು ಪದ, ಒಂದು ಪುಟ ಎಂದು ಫಿಲ್ಟರ್ ಹಾಕಿದ ಮೇಲೆಯೇ ಆ ಸಂಖ್ಯೆಗೆ ಬೆಲೆ.

ಎರಡನೆಯ ಗೊಂದಲ, ಕೂಡಿಸಿದರೆ ತಾಳೆಯಾಗದ ಲೆಕ್ಕ. ಮೇಲೆ 500 ಕ್ಲಿಕ್ ಎಂದಿರುತ್ತದೆ, ಕೆಳಗಿನ ಪದಗಳ ಪಟ್ಟಿ ಕೂಡಿಸಿದರೆ 280 ಬರುತ್ತದೆ. ಟೂಲ್ ಕೆಟ್ಟಿಲ್ಲ. ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಅವರ ಖಾಸಗಿತನ ಕಾಯಲು ಗೂಗಲ್ ಪಟ್ಟಿಯಲ್ಲಿ ತೋರಿಸುವುದಿಲ್ಲ, ಒಟ್ಟು ಮೊತ್ತದಲ್ಲಿ ಮಾತ್ರ ಸೇರಿಸುತ್ತದೆ. ಪದದ ಮೇಲೆ ಫಿಲ್ಟರ್ ಹಾಕಿದೊಡನೆ ಅವು ಮೊತ್ತದಿಂದಲೂ ಜಾರಿಹೋಗುತ್ತವೆ. ಸಣ್ಣ ಸೈಟಿಗೆ ಬರುವ ಹುಡುಕಾಟಗಳು ಹೆಚ್ಚಾಗಿ ಇಂಥ ವಿರಳ ಪದಗಳೇ ಆದ್ದರಿಂದ ಈ ಅಂತರ ದೊಡ್ಡದಾಗಿಯೇ ಕಾಣುತ್ತದೆ. ಹೀಗಾಗಿ ಒಂದು ಪುಟದ ಒಟ್ಟು ಕ್ಲಿಕ್ ಎಷ್ಟೆಂದು ತಿಳಿಯಲು ‘ಪೇಜಸ್’ ಪಟ್ಟಿ ನೋಡಿ, ಪದಗಳನ್ನು ಕೂಡಿಸುತ್ತ ಕೂರಬೇಡಿ.

ಹಳೆಯ ತಿಂಗಳುಗಳೊಂದಿಗೆ ಹೋಲಿಸುವವರು ಇನ್ನೊಂದನ್ನು ನೆನಪಿಡಬೇಕು. ಒಂದೇ ಪುಟದಲ್ಲಿ 100 ಫಲಿತಾಂಶ ತರಿಸಿಕೊಳ್ಳುವ ಸೌಲಭ್ಯವನ್ನು ಗೂಗಲ್ 2025ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ರ್‍ಯಾಂಕ್ ನೋಡುವ ಸಾಫ್ಟ್‌ವೇರ್‌ಗಳು ಅದನ್ನೇ ಬಳಸುತ್ತಿದ್ದವು. ಅದು ನಿಂತ ಮೇಲೆ ಎಷ್ಟೋ ಸೈಟ್‌ಗಳ ಇಂಪ್ರೆಶನ್ ಕುಸಿಯಿತು, ಸರಾಸರಿ ಪೊಸಿಷನ್ ಸುಧಾರಿಸಿದಂತೆ ಕಂಡಿತು, ಕ್ಲಿಕ್ ಮಾತ್ರ ಇದ್ದಂತೆಯೇ ಇತ್ತು. ಆ ತಿಂಗಳ ಹಿಂದಿನ, ಮುಂದಿನ ಇಂಪ್ರೆಶನ್‌ಗಳನ್ನು ಪಕ್ಕಪಕ್ಕ ಇಟ್ಟು ಕೊರಗಬೇಡಿ.

ಈಗ ನಿಜವಾದ ಕೆಲಸ. ಸಣ್ಣ ಸೈಟಿನಲ್ಲಿ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಡುವುದು 8ರಿಂದ 20ನೇ ಜಾಗದಲ್ಲಿ ಕೂತಿರುವ ಪದಗಳು. ಆ ಪುಟ ವಿಷಯಕ್ಕೆ ಸಂಬಂಧಪಟ್ಟದ್ದೆಂದು ಗೂಗಲ್ ಆಗಲೇ ಒಪ್ಪಿದೆ, ಓದುಗರ ಕಣ್ಣಿಗೆ ಬೀಳುವ ಜಾಗ ಮಾತ್ರ ಇನ್ನೂ ಸಿಕ್ಕಿಲ್ಲ. ಅವಧಿಯನ್ನು 3 ತಿಂಗಳಿಗೆ ಇಡಿ. ಪೊಸಿಷನ್ 7ಕ್ಕಿಂತ ಹೆಚ್ಚು ಎಂದು ಫಿಲ್ಟರ್ ಹಾಕಿ, ಇಂಪ್ರೆಶನ್ ಹೆಚ್ಚಿರುವುದು ಮೇಲೆ ಬರುವಂತೆ ಜೋಡಿಸಿ. 20 ದಾಟಿದವನ್ನು ಸದ್ಯಕ್ಕೆ ಬಿಡಿ. ಉಳಿದವುಗಳಲ್ಲಿ ನಿಮ್ಮ ವ್ಯವಹಾರಕ್ಕೆ ನಿಜಕ್ಕೂ ಬೇಕಾದ ಐದನ್ನು ಆರಿಸಿ. ಐದೇ ಸಾಕು.

ಉದಾಹರಣೆಗೆ ‘ಸೈಕಲ್ ಚೈನ್ ತುಕ್ಕು ತೆಗೆಯುವುದು’ ಎಂಬ ಪದ 11ನೇ ಜಾಗದಲ್ಲಿದೆ ಎನ್ನಿ. ಆ ಪದದ ಮೇಲೆ ಒತ್ತಿ ‘ಪೇಜಸ್’ಗೆ ಹೋದರೆ ಯಾವ ಪುಟ ಕಾಣಿಸುತ್ತಿದೆ ಎಂದು ತಿಳಿಯುತ್ತದೆ. ಆ ಪುಟ ತೆರೆದು ಓದಿ. ಸಾಮಾನ್ಯವಾಗಿ ಅಲ್ಲಿ ಚೈನ್‌ಗೆ ಎಣ್ಣೆ ಬಿಡುವುದರ ಬಗ್ಗೆ ಉದ್ದಕ್ಕೆ ಬರೆದಿರುತ್ತದೆ, ತುಕ್ಕಿನ ಬಗ್ಗೆ ಎರಡೇ ಸಾಲು ಇರುತ್ತದೆ. ತುಕ್ಕಿಗೆಂದೇ ಒಂದು ಉಪಶೀರ್ಷಿಕೆ ಕೊಟ್ಟು ಹಂತಗಳನ್ನು ಪೂರ್ತಿ ಬರೆಯಿರಿ. ಪುಟದ ಟೈಟಲ್‌ನಲ್ಲಿ ಜನ ಹುಡುಕುವ ಮಾತೇ ಇರಲಿ. ನಿಮ್ಮದೇ ಸೈಟಿನ ಎರಡು ಮೂರು ಸಂಬಂಧಿತ ಪುಟಗಳಿಂದ ಇಲ್ಲಿಗೆ ಲಿಂಕ್ ಕೊಡಿ, ಲಿಂಕಿನ ಪದ ‘ಇಲ್ಲಿ ಒತ್ತಿ’ ಎಂದಿರದೆ ವಿಷಯವನ್ನೇ ಹೇಳಲಿ. ಬದಲಾವಣೆ ಮಾಡಿದ ತಾರೀಖನ್ನು ಒಂದು ಶೀಟಿನಲ್ಲಿ ಬರೆದಿಡಿ. ನಾಲ್ಕು ವಾರ ಆ ಪುಟವನ್ನು ಮುಟ್ಟಬೇಡಿ. ಬಳಿಕ ‘ಕಂಪೇರ್’ ಬಳಸಿ ಹಿಂದಿನ 28 ದಿನ, ಮುಂದಿನ 28 ದಿನ ಹೋಲಿಸಿ. 28 ಏಕೆಂದರೆ ಎರಡೂ ಕಡೆ ಶನಿವಾರ, ಭಾನುವಾರಗಳ ಸಂಖ್ಯೆ ಸರಿಸಮ ಇರುತ್ತದೆ. ಇಲ್ಲಿ ಹೆಚ್ಚಿನವರು ಸೋಲುವುದು ತಾಳ್ಮೆಯಲ್ಲಿ: ನಾಲ್ಕನೇ ದಿನಕ್ಕೇ ಟೈಟಲ್ ಮತ್ತೆ ಬದಲಿಸಿ, ಯಾವ ಬದಲಾವಣೆ ಕೆಲಸ ಮಾಡಿತು ಎಂಬುದೇ ತಿಳಿಯದಂತೆ ಮಾಡಿಕೊಳ್ಳುತ್ತಾರೆ.

ಒಂದೇ ಪದಕ್ಕೆ ಎರಡು ಮೂರು ಪುಟಗಳು ಇಂಪ್ರೆಶನ್ ಹಂಚಿಕೊಂಡಿದ್ದು, ಯಾವುದೂ ಮೇಲೇರದಿದ್ದರೆ ಅವು ಒಂದಕ್ಕೊಂದು ಅಡ್ಡ ಬರುತ್ತಿರಬಹುದು. ಗಟ್ಟಿಯಾದ ಒಂದನ್ನು ಉಳಿಸಿ, ಉಳಿದವುಗಳ ಒಳ್ಳೆಯ ಭಾಗವನ್ನು ಅದಕ್ಕೆ ಸೇರಿಸಿ, ಹಳೆಯ ವಿಳಾಸಗಳಿಂದ 301 ರಿಡೈರೆಕ್ಟ್ (ಬಂದವರನ್ನು ಹೊಸ ವಿಳಾಸಕ್ಕೆ ಕಾಯಂ ಆಗಿ ಕಳಿಸುವ ಸೂಚನೆ) ಕೊಡಿ.

ಜಾಗ 5ರೊಳಗಿದ್ದೂ ಕ್ಲಿಕ್ ಬರದಿದ್ದರೆ ಟೈಟಲ್ ತಿದ್ದುವ ಮೊದಲು ಆ ಪದವನ್ನು ನೀವೇ ಹುಡುಕಿ ನೋಡಿ. ಮೇಲೆ ಜಾಹೀರಾತು, ವಿಡಿಯೊ, ಎಐ ಕೊಟ್ಟ ಸಾರಾಂಶ ತುಂಬಿಕೊಂಡಿದ್ದರೆ ಟೈಟಲ್ ಎಷ್ಟು ಚೆಂದವಿದ್ದರೂ ಕ್ಲಿಕ್ ಬರದು. ಎಐ ಸಾರಾಂಶದಲ್ಲಿ ಬಂದ ಇಂಪ್ರೆಶನ್, ಕ್ಲಿಕ್‌ಗಳನ್ನು ಈ ವರದಿ ಸಾಮಾನ್ಯ ವೆಬ್ ಲೆಕ್ಕದೊಳಗೇ ಕಲಸಿಬಿಡುತ್ತದೆ. ಇದು ದೊಡ್ಡ ಕೊರತೆ.

ಹೊಸ ಬರಹಕ್ಕೆ ವಿಷಯ ಬೇಕಾದಾಗ ಪದದ ಫಿಲ್ಟರ್‌ನಲ್ಲಿ ರೆಜೆಕ್ಸ್ (ಹಲವು ಪದಗಳನ್ನು ಒಟ್ಟಿಗೆ ಹುಡುಕುವ ಮಾದರಿ) ಆರಿಸಿ, ‘ಹೇಗೆ|ಏಕೆ|ಯಾವ|ಎಷ್ಟು’ ಎಂದು ಬರೆಯಿರಿ. ಜನ ಪ್ರಶ್ನೆಯ ರೂಪದಲ್ಲಿ ಹುಡುಕಿದ್ದೆಲ್ಲ ಒಟ್ಟಿಗೆ ಸಿಗುತ್ತದೆ. ನಿಮ್ಮ ಓದುಗರು ಇಂಗ್ಲಿಷ್‌ನಲ್ಲೂ ಹುಡುಕುತ್ತಿದ್ದರೆ ಆ ಪ್ರಶ್ನಾಪದಗಳನ್ನೂ ಅದೇ ಗೆರೆ ಹಾಕಿ ಸೇರಿಸಿ.

ಗೂಗಲ್ ತನ್ನ ಪಟ್ಟಿಗೆ (ಇಂಡೆಕ್ಸ್) ಯಾವ ಪುಟಗಳನ್ನು ಸೇರಿಸಿಕೊಂಡಿದೆ ಎಂದು ಹೇಳುವ ಇಂಡೆಕ್ಸಿಂಗ್ ವರದಿಯಲ್ಲಿ, ಸೇರದ ಪುಟಗಳ ಬೂದು ಬಣ್ಣದ ದೊಡ್ಡ ಸಂಖ್ಯೆ ಕಂಡು ಹೆದರುವವರು ಬಹಳ. ‘ಹೊಸ ಕಾರಣದಿಂದ ಪುಟಗಳು ಇಂಡೆಕ್ಸ್ ಆಗುತ್ತಿಲ್ಲ’ ಎಂಬ ಇಮೇಲ್ ಬಂದರಂತೂ ನಿದ್ದೆ ಹಾರಿಹೋಗುತ್ತದೆ. ಅದರಲ್ಲಿ ರಿಡೈರೆಕ್ಟ್ ಆದ ಪುಟ, ಕೆನಾನಿಕಲ್ (ಮೂಲ ಪುಟ ಯಾವುದೆಂಬ ಗುರುತು) ಸರಿಯಾಗಿರುವ ಪರ್ಯಾಯ ಪುಟ, ನೀವೇ ಅಳಿಸಿದ ಪುಟದ 404, ಇವು ಮೂರೂ ಸಹಜ. ಗಮನ ಕೊಡಬೇಕಾದದ್ದು ಬೇರೆ. ‘ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದರೆ ವಿಳಾಸ ಗೊತ್ತಿದೆ, ಗೂಗಲ್‌ಬಾಟ್ (ಪುಟಗಳನ್ನು ಓದುತ್ತ ಹೋಗುವ ಗೂಗಲ್‌ನ ಪ್ರೋಗ್ರಾಂ) ಇನ್ನೂ ಬಂದು ಓದಿಲ್ಲ. ಹೊಸ ಸೈಟಿನಲ್ಲಿ ಸ್ವಲ್ಪ ಕಾಯಬಹುದು, ಒಳಗಿನ ಲಿಂಕ್ ಹೆಚ್ಚಿಸಬಹುದು. ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದರೆ ಬಂದು ಓದಿಯೂ ಸೇರಿಸಿಕೊಂಡಿಲ್ಲ. ಬೇರೆಡೆ ಇರುವುದನ್ನೇ ಮತ್ತೆ ಹೇಳುವ ತೆಳು ಪುಟಗಳು, ಎರಡೇ ವಸ್ತುಗಳಿರುವ ವರ್ಗದ ಪುಟಗಳು, ಟ್ಯಾಗ್ ಪುಟಗಳು ಇಲ್ಲಿ ರಾಶಿ ಬೀಳುತ್ತವೆ. ಬರಹ ಗಟ್ಟಿ ಮಾಡದೆ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಎಷ್ಟು ಸಲ ಒತ್ತಿದರೂ ಫಲವಿಲ್ಲ. ಆ ಬಟನ್ನಿಗೆ ದಿನದ ಮಿತಿಯೂ ಇದೆ, ಒಂದೇ ಪುಟಕ್ಕೆ ಪದೇ ಪದೇ ಕೇಳಿದರೆ ಸರದಿ ಮುಂದೆ ಬರುವುದೂ ಇಲ್ಲ.

ಇಲ್ಲೇ ಪದೇ ಪದೇ ಕಾಣುವ ಇನ್ನೊಂದು ತಪ್ಪು: ಪುಟವನ್ನು ಗೂಗಲ್‌ನಿಂದ ತೆಗೆಸಲು ನೋಇಂಡೆಕ್ಸ್ ಟ್ಯಾಗ್ (ಇಂಡೆಕ್ಸ್‌ಗೆ ಸೇರಿಸಬೇಡ ಎಂಬ ಸೂಚನೆ) ಹಾಕಿ, ಜೊತೆಗೆ ಬಾಟ್‌ಗಳು ಎಲ್ಲಿಗೆ ಬರಬಾರದೆಂದು ಹೇಳುವ ರೋಬಾಟ್ಸ್ ಫೈಲ್‌ನಲ್ಲೂ ಆ ಪುಟವನ್ನು ತಡೆಯುವುದು. ತಡೆದ ಪುಟದೊಳಕ್ಕೆ ಬಾಟ್ ಹೋಗುವುದೇ ಇಲ್ಲ, ಹೋಗದೆ ನೋಇಂಡೆಕ್ಸ್ ಓದುವುದೂ ಸಾಧ್ಯವಿಲ್ಲ. ರೋಬಾಟ್ಸ್ ತಡೆ ತೆಗೆದು ನೋಇಂಡೆಕ್ಸ್ ಮಾತ್ರ ಉಳಿಸಿ. ಸರ್ಚ್ ಕನ್ಸೋಲ್‌ನ ‘ರಿಮೂವಲ್ಸ್’ ಮೂಲಕ ಅಡಗಿಸಿದ್ದು ಸುಮಾರು 6 ತಿಂಗಳು ಮಾತ್ರ ನಿಲ್ಲುತ್ತದೆ.

ಸೈಟಿನ ಪುಟಗಳ ವಿಳಾಸಪಟ್ಟಿಯಾದ ಸೈಟ್‌ಮ್ಯಾಪ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ವರ್ಡ್‌ಪ್ರೆಸ್ 5.5ರಿಂದ ಅದು ತಾನಾಗಿಯೇ ತಯಾರಾಗುತ್ತದೆ, ವಿಳಾಸವನ್ನು ಒಮ್ಮೆ ಸಲ್ಲಿಸಿದರಾಯಿತು. ಒಂದು ಫೈಲ್‌ಗೆ 50,000 ವಿಳಾಸಗಳ ಮಿತಿ, ಸಣ್ಣವರು ಅದನ್ನು ಮುಟ್ಟುವುದೇ ಇಲ್ಲ. ಪ್ರಯಾರಿಟಿ, ಚೇಂಜ್‌ಫ್ರೀಕ್ವೆನ್ಸಿ ತುಂಬುವುದು ವ್ಯರ್ಥ, ಗೂಗಲ್ ಅವನ್ನು ಲೆಕ್ಕಿಸುವುದಿಲ್ಲ. ಕೊನೆಯ ಬದಲಾವಣೆಯ ತಾರೀಖು ಮಾತ್ರ ನಿಜವಾದದ್ದಿರಲಿ.

ಪುಟದ ವೇಗ, ಸ್ಥಿರತೆಗಳನ್ನು ಅಳೆಯುವ ಕೋರ್ ವೆಬ್ ವೈಟಲ್ಸ್ ವಿಭಾಗ ಸಣ್ಣ ಸೈಟ್‌ಗಳಲ್ಲಿ ಬಹುಪಾಲು ಖಾಲಿಯೇ ಇರುತ್ತದೆ. ನಿಜವಾದ ಓದುಗರ ಕ್ರೋಮ್‌ನಿಂದ 28 ದಿನಗಳಲ್ಲಿ ಬಂದ ದತ್ತಾಂಶ ಸಾಲದಿದ್ದರೆ ಅದು ಏನನ್ನೂ ತೋರಿಸುವುದಿಲ್ಲ. ಆಗ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮುಖ್ಯವಾದ ಮೂರು ಪುಟಗಳನ್ನು ಪರೀಕ್ಷಿಸಿ. ಮುಖ್ಯ ಭಾಗ ಕಾಣಿಸಿಕೊಳ್ಳಲು 2.5 ಸೆಕೆಂಡ್ ಒಳಗಿರಬೇಕು, ಪುಟ ಅತ್ತಿತ್ತ ಕದಲುವ ಅಂಕ 0.1 ಮೀರಬಾರದು. ಕುಗ್ಗಿಸದೆ ಹಾಕಿದ ದೊಡ್ಡ ಚಿತ್ರ, ಅಗಲ ಎತ್ತರ ನಮೂದಿಸದ ಚಿತ್ರ, ಇವೆರಡನ್ನು ಸರಿಪಡಿಸಿದರೆ ಅರ್ಧ ಕೆಲಸ ಆದಂತೆ. ಒತ್ತಿದ ಮೇಲೆ ಪುಟ ಸ್ಪಂದಿಸುವ ಹೊತ್ತಿಗೆ 200 ಮಿಲಿಸೆಕೆಂಡ್ ಎಂಬ ಮಿತಿಯೂ ಇದೆ, ಅದು ಕೆಟ್ಟಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬೇಡದ ಪ್ಲಗಿನ್‌ಗಳನ್ನು.

ಇದರಿಂದ ಆಗದ ಕೆಲಸಗಳೂ ಇವೆ. ಕ್ಲಿಕ್ ಆದ ಮೇಲೆ ಬಂದವರು ಏನು ಮಾಡಿದರು ಎಂಬುದು ಇಲ್ಲಿ ತಿಳಿಯದು, ಅದಕ್ಕೆ ಅನಲಿಟಿಕ್ಸ್ ಬೇಕು. ಅಲ್ಲಿನ ಸೆಷನ್‌ಗೂ (ಒಂದು ಭೇಟಿ) ಇಲ್ಲಿನ ಕ್ಲಿಕ್‌ಗೂ ಎಂದೂ ತಾಳೆಯಾಗುವುದಿಲ್ಲ, ಎಣಿಸುವ ಕ್ರಮವೇ ಬೇರೆ. ಜಾಹೀರಾತಿನ ಕ್ಲಿಕ್ ಇಲ್ಲಿಲ್ಲ. ಸ್ಪರ್ಧಿಗಳ ಸುದ್ದಿಯಿಲ್ಲ. ನೀವು ಇನ್ನೂ ಬರೆದೇ ಇಲ್ಲದ ವಿಷಯವನ್ನು ಜನ ಎಷ್ಟು ಹುಡುಕುತ್ತಾರೆ ಎಂಬುದು ಬೇಕಾದರೆ ಕೀವರ್ಡ್ ಪ್ಲಾನರ್ ಕಡೆಗೆ ಹೋಗಬೇಕು. ಪಟ್ಟಿಯಲ್ಲಿ 1,000 ಸಾಲು ಮಾತ್ರ ಕಾಣುತ್ತವೆ, ಅದು ಸಣ್ಣವರಿಗೆ ಸಾಕು.

ಲೆಕ್ಕ 16 ತಿಂಗಳು ಮಾತ್ರ ಇರುತ್ತದೆ, ಆಮೇಲೆ ಹಳೆಯದು ಅಳಿಯುತ್ತದೆ. ಹಬ್ಬ, ಋತುಮಾನ ನೋಡಿ ಮಾರುವವರಿಗೆ ಎರಡು ವರ್ಷ ಹಿಂದಿನ ಅಂಕಿ ಬೇಕೇ ಬೇಕು. ಪ್ರತಿ ತಿಂಗಳ 5ನೇ ತಾರೀಖಿನ ಹೊತ್ತಿಗೆ ಹಿಂದಿನ ತಿಂಗಳ ಪದಗಳು, ಪುಟಗಳು ಎರಡನ್ನೂ ಎಕ್ಸ್‌ಪೋರ್ಟ್ ಮಾಡಿ ಶೀಟ್ಸ್‌ನಲ್ಲಿ ಇಟ್ಟುಕೊಳ್ಳಿ. ಅಂತಿಮ ಅಂಕಿ ಬರಲು ಎರಡು ಮೂರು ದಿನ ಹಿಡಿಯುವುದರಿಂದ 1ನೇ ತಾರೀಖಿಗೇ ಇಳಿಸಿಕೊಂಡರೆ ಕೊನೆಯ ದಿನಗಳು ಅರ್ಧಂಬರ್ಧ ಇರುತ್ತವೆ. ಇದೇ ಖಾತೆಯಿಂದ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ಗೆ ಸೈಟನ್ನು ಇಂಪೋರ್ಟ್ ಮಾಡಿಕೊಳ್ಳಲೂ ಬರುತ್ತದೆ. ಮತ್ತೆ ಪುರಾವೆ ಕೊಡುವ ಗೋಜಿಲ್ಲ, ಅದೂ ಉಚಿತ.