ಚಳಿಗಾಲದಲ್ಲಿ ಹಂದಿಮರಿಗಳಿಗೆ ಹಾಲು ಬಿಡಿಸುವವರೇ, ನನ್ನ ಹಾಗೆ ಮಾಡಬೇಡಿ

ಒಂಬತ್ತು ಮರಿಗಳಲ್ಲಿ ಐದನ್ನು ಒಂದೇ ವಾರದಲ್ಲಿ ಮಣ್ಣು ಮಾಡಿದೆ. ಯಾವ ದೊಡ್ಡ ರೋಗವೂ ಊರಿಗೆ ಬಂದಿರಲಿಲ್ಲ. ಪಕ್ಕದ ತೋಟದವರ ಹಂದಿಗಳೆಲ್ಲ ಚೆನ್ನಾಗಿಯೇ ಇದ್ದವು. ಎಡವಟ್ಟು ಮಾಡಿದ್ದು ನಾನೇ.

ನಮ್ಮದು ಕೊಡಗಿನಲ್ಲಿ ಮೂರು ಎಕರೆ ಕಾಫಿ ತೋಟ. ಮನೆ ಹಿಂದೆ ಯಾರ್ಕ್‌ಶೈರ್ ತಳಿಯ ಎರಡು ಹೆಣ್ಣು ಹಂದಿಗಳಿವೆ. ಹೋದ ವರ್ಷ ನವೆಂಬರ್ ಮಧ್ಯದಲ್ಲಿ ಒಂದು ಹಂದಿ ಒಂಬತ್ತು ಮರಿ ಹಾಕಿತು. ಮೂರನೇ ದಿನ ಕಬ್ಬಿಣದಂಶದ ಇಂಜೆಕ್ಷನ್ ಕೊಡಿಸಿದ್ದೆ. ಮರಿಗಳು ಚೆಂಡಿನ ಹಾಗೆ ಗುಂಡಗಾಗಿದ್ದವು. ಅಲ್ಲಿಯವರೆಗೆ ಎಲ್ಲ ಸರಿ.

ಆಮೇಲೆ ನನ್ನ ತಲೆಗೆ ಒಂದು ಲೆಕ್ಕ ಹೊಕ್ಕಿತು. ಹಾಲು ಬಿಡಿಸಿದ ನಾಲ್ಕರಿಂದ ಏಳು ದಿನದಲ್ಲಿ ತಾಯಿ ಹಂದಿ ಮತ್ತೆ ಬೆದೆಗೆ ಬರುತ್ತದೆ. ಗಬ್ಬದ ಅವಧಿ 114 ದಿನ, ಅಂದರೆ ಮೂರು ತಿಂಗಳು, ಮೂರು ವಾರ, ಮೂರು ದಿನ. ಡಿಸೆಂಬರ್ 20ರ ಹೊತ್ತಿಗೆ ಗಂಡು ಬಿಡಿಸಿದರೆ ಏಪ್ರಿಲ್ ಎರಡನೇ ವಾರ ಮರಿ. ಮಳೆ ಹಿಡಿಯುವಷ್ಟರಲ್ಲಿ ಆ ಮರಿಗಳು ಗಟ್ಟಿಯಾಗಿರುತ್ತವೆ. ಕಾಗದದ ಮೇಲೆ ತಪ್ಪೇನಿಲ್ಲ, ಅಲ್ವಾ? ದೊಡ್ಡ ಫಾರಂಗಳಲ್ಲಿ 28 ದಿನಕ್ಕೇ ಹಾಲು ಬಿಡಿಸುತ್ತಾರೆ ಎಂದು ಒಂದು ವಿಡಿಯೋದಲ್ಲಿ ನೋಡಿದ್ದೆ. ಅವರಲ್ಲಿ ಬಿಸಿ ಮಾಡಿದ ಕೋಣೆ ಇರುತ್ತದೆ, ಹಾಲಿನ ಪುಡಿ ಬೆರೆಸಿದ ಮರಿ ಆಹಾರ ಇರುತ್ತದೆ. ಆ ಭಾಗ ನನ್ನ ಕಿವಿಗೆ ಬೀಳಲೇ ಇಲ್ಲ.

ಅವ್ವ ಹೇಳಿದ್ದರು. "ಈ ಚಳೀಲಿ ಯಾಕೋ ಅವಸರ? ಇನ್ನೊಂದು ಹದಿನೈದು ದಿನ ಕುಡೀಲಿ ಬಿಡು." ಕಾಫಿ ಕೊಯ್ಲು ಬೇರೆ ಶುರುವಾಗಿತ್ತು. ನಾನು ಕೇಳಲಿಲ್ಲ.

ಮೂವತ್ತನೇ ದಿನ ಬೆಳಿಗ್ಗೆ ಮರಿಗಳನ್ನು ಬುಟ್ಟಿಗೆ ತುಂಬಿ ಖಾಲಿ ಬಿದ್ದಿದ್ದ ದನದ ಕೊಟ್ಟಿಗೆಗೆ ಸಾಗಿಸಿದೆ. ಸಿಮೆಂಟ್ ನೆಲ, ಮೇಲೆ ತೆಳ್ಳಗೆ ಒಂದು ಪದರ ಹುಲ್ಲು. ಸುತ್ತ ಟಾರ್ಪಾಲು ಬಿಗಿದೆ. ಗಾಳಿ ಬರಬಾರದು ಎಂದು ಒಂದು ಸಂದೂ ಬಿಡಲಿಲ್ಲ. ಸಂಜೆ ಹೊತ್ತಿಗೆ ಉಚ್ಚೆಯ ಘಾಟಿಗೆ ನನ್ನ ಕಣ್ಣೇ ಉರಿಯಿತು. ಆದರೆ ಗಾಳಿ ನಿಜವಾಗಿ ನುಗ್ಗುತ್ತಿದ್ದದ್ದು ಬಾಗಿಲ ಕೆಳಗಿನಿಂದ, ಮರಿಗಳ ಎತ್ತರಕ್ಕೆ ಸರಿಯಾಗಿ. ನಾವು ನಿಂತು ನೋಡಿದರೆ ಅದು ಗೊತ್ತಾಗುವುದಿಲ್ಲ. ಕೂತು ನೋಡಬೇಕು.

ಊಟದ ವಿಷಯ ಹೇಳಲು ನಾಚಿಕೆಯಾಗುತ್ತದೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಪ್ರವಾಸಿಗರು ಜಾಸ್ತಿ. ಹೋಟೆಲ್ ಮುಸುರೆಗೆ ಬರವಿಲ್ಲ. ದೊಡ್ಡ ಹಂದಿಗಳಿಗೆ ಹಾಕುವ ಅದೇ ಮುಸುರೆಗೆ ಒಂದಿಷ್ಟು ತೌಡು ಕಲಸಿ ಮರಿಗಳ ಮುಂದಿಟ್ಟೆ. ಎಣ್ಣೆ, ಖಾರ, ಉಪ್ಪಿನಕಾಯಿ ಎಲ್ಲ ಅದರಲ್ಲೇ. ಅಲ್ಲಿಯವರೆಗೆ ಮರಿಗಳು ತಾಯಿ ಹಾಲು ಬಿಟ್ಟರೆ ಬೇರೆ ಏನನ್ನೂ ಸರಿಯಾಗಿ ತಿಂದಿರಲಿಲ್ಲ. ನೀರು? ದನದ ತೊಟ್ಟಿಯಲ್ಲಿ ತುಂಬಿಸಿದ್ದೆ. ಆ ತೊಟ್ಟಿಯ ಅಂಚು ಮರಿಗಳ ಮೂತಿಗೆ ಎಟುಕುತ್ತಿರಲಿಲ್ಲ. ಇದು ನನಗೆ ತಿಳಿದದ್ದು ಮೂರನೇ ದಿನ.

ಮೊದಲ ದಿನ ಮರಿಗಳು ಏನೂ ಮುಟ್ಟಲಿಲ್ಲ, ಕಿರುಚುತ್ತಲೇ ಇದ್ದವು. ಎರಡನೇ ದಿನ ಹಸಿವು ತಡೆಯದೆ ಹೊಟ್ಟೆ ಬಿರಿಯುವಷ್ಟು ತಿಂದವು. ನನಗೋ ಖುಷಿ. ಮೂರನೇ ದಿನ ನೀರಿನಂಥ ಭೇದಿ. ನಾಲ್ಕನೇ ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲವೂ ಒಂದರ ಮೇಲೊಂದು ಗುಡ್ಡೆ ಬಿದ್ದಿವೆ, ಮೈಕೂದಲು ನಿಂತಿದೆ. ಗುಡ್ಡೆಯ ಅಡಿಯಲ್ಲಿ ಒಂದು ಉಸಿರುಗಟ್ಟಿ ಸತ್ತಿತ್ತು. ಇನ್ನೊಂದರ ಕಿವಿ, ಹೊಟ್ಟೆ ನೇರಳೆಯಾಗಿತ್ತು. ಸಂಜೆಯೊಳಗೆ ಅದೂ ಹೋಯಿತು. ಮೂರನೆಯದು ಎಲ್ಲಕ್ಕಿಂತ ದಪ್ಪಗಿದ್ದ ಮರಿ. ಕಣ್ಣುರೆಪ್ಪೆ ಊದಿಕೊಂಡು, ಕುಡಿದವರ ಹಾಗೆ ತೂರಾಡಿ ಬಿತ್ತು.

ಪಶುವೈದ್ಯರು ಬಂದದ್ದು ಐದನೇ ದಿನ. ತಡವಾಗಿ ಫೋನ್ ಮಾಡಿದ್ದು ನಾನು, ಅವರ ತಪ್ಪಲ್ಲ. ಸತ್ತ ಮರಿ ಎಲ್ಲಿ ಎಂದು ಕೇಳಿದರು. ಹೂತಾಗಿದೆ ಡಾಕ್ಟ್ರೇ ಎಂದೆ. ಅವರು ತಲೆ ಚಚ್ಚಿಕೊಂಡರು. ತೂರಾಡಿದ ಮರಿಗೆ ಆಗಿದ್ದು ಹಾಲು ಬಿಡಿಸಿದಾಗ ಬರುವ ಊತದ ಕಾಯಿಲೆಯೋ, ನೀರಿಲ್ಲದೆ ಉಪ್ಪು ತಿಂದು ಆದ ವಿಷವೋ, ಕೊಯ್ದು ನೋಡದೆ ಹೇಳಲಾಗದು ಎಂದರು. ಭೇದಿಯ ಬಗ್ಗೆ ಮಾತ್ರ ಅವರಿಗೆ ಅನುಮಾನವಿರಲಿಲ್ಲ. ಇ. ಕೋಲಿ ಎಂಬ ಸೂಕ್ಷ್ಮಜೀವಿ ಹಂದಿಯ ಕರುಳಿನಲ್ಲಿ ಮಾಮೂಲಾಗಿ ಇರುತ್ತದಂತೆ. ತಾಯಿ ಹಾಲು ಇರುವವರೆಗೆ ಅದು ಹದ್ದುಬಸ್ತಿನಲ್ಲಿರುತ್ತದೆ. ಹಾಲು ನಿಂತು, ಚಳಿ ಹಿಡಿದು, ಅರಗದ ತಿಂಡಿ ಕರುಳಿನಲ್ಲಿ ಕೊಳೆಯತೊಡಗಿದರೆ ಅದಕ್ಕೆ ಹಬ್ಬ. ಒಂದು ತಿಂಗಳ ಮರಿಯ ಹೊಟ್ಟೆ ಹಾಲು ಅರಗಿಸಲು ತಯಾರಾಗಿರುತ್ತದೆ, ತೌಡು ಅರಗಿಸಲು ಅಲ್ಲ.

"ತಾಯಿ, ಜಾಗ, ಊಟ, ಮೂರನ್ನೂ ಒಂದೇ ದಿನ ಕಿತ್ತುಕೊಂಡ್ರಲ್ಲಾ" ಎಂದರು. ಆ ಮಾತು ಈಗಲೂ ಕಿವಿಯಲ್ಲಿದೆ.

ಇಂಜೆಕ್ಷನ್ ಕೊಟ್ಟರು, ಓಆರ್‌ಎಸ್ ಕುಡಿಸಲು ಹೇಳಿದರು. ಬಾಯಾರಿದ ಮರಿಗಳಿಗೆ ಒಮ್ಮೆಗೇ ನೀರು ಬಿಡಬೇಡಿ, ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ ಎಂದರು. ಉಪ್ಪು ಏರಿದ ಮೈಗೆ ದಿಢೀರನೆ ನೀರು ಹೋದರೆ ಮಿದುಳು ಊದಿಕೊಳ್ಳುತ್ತದಂತೆ. ಇನ್ನೆರಡು ಸತ್ತವು, ನಾಲ್ಕು ಉಳಿದವು. ತಾಯಿ ಹತ್ತಿರ ಬಿಟ್ಟು ನೋಡೋಣ ಎಂದರೆ ಅದರ ಹಾಲು ಬತ್ತಿಹೋಗಿತ್ತು. ಆರನೇ ದಿನ, ನನ್ನ ಲೆಕ್ಕದಂತೆಯೇ, ಬೆದೆಗೆ ಬಂತು. ಸರಿಹೋದದ್ದು ಅದೊಂದೇ.

ಈ ಸಲ 50 ದಿನ ಕಾದೆ. ದಿನಕ್ಕಿಂತ ತೂಕ ನೋಡುವುದು ಒಳ್ಳೆಯದು. ಏಳು ಕೆಜಿ ತೂಗದ ಮರಿಯನ್ನು ನಾನೀಗ ತಾಯಿಯಿಂದ ಬೇರೆ ಮಾಡುವುದೇ ಇಲ್ಲ. ಎರಡು ವಾರದ ಮರಿಗಳಿದ್ದಾಗಲೇ ತಾಯಿಗೆ ಎಟುಕದ ಮೂಲೆಯಲ್ಲಿ ಮರಿ ಆಹಾರ ಇಡಲು ಶುರು ಮಾಡಿದೆ, ದಿನಕ್ಕೊಂದು ಹಿಡಿ, ಉಳಿದದ್ದನ್ನು ಬಳಿದು ಹೊಸದು. ಹಾಲು ಬಿಡಿಸುವ ದಿನ ಮರಿಗಳನ್ನು ಅಲ್ಲೇ ಬಿಟ್ಟು ತಾಯಿಯನ್ನು ಹೊರಗೆ ಕರೆದೊಯ್ದೆ. ಅದಕ್ಕೂ ಮೊದಲು ಎರಡು ದಿನ ತಾಯಿಯ ತಿಂಡಿ ಕಡಿಮೆ ಮಾಡಿದ್ದೆ, ಇಲ್ಲದಿದ್ದರೆ ಕೆಚ್ಚಲು ಕಲ್ಲಾಗುತ್ತದೆ. ಮರಿಗಳಿಗೆ ಅದೇ ಹಳೆಯ ಆಹಾರ, ದಿನಕ್ಕೆ ಐದು ಸಲ, ಪ್ರತಿ ಸಲ ಇನ್ನೂ ಬೇಕು ಅನ್ನುವಷ್ಟು ಮಾತ್ರ. ಹತ್ತು ದಿನ ಕಳೆದ ಮೇಲೆ ಜೋಳದ ನುಚ್ಚು, ಹಿಂಡಿ ನಿಧಾನಕ್ಕೆ ಬೆರೆಸಿದೆ. ಬೂಷ್ಟು ಹಿಡಿದ ಜೋಳವನ್ನು ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ. ವಿಷ ಅದರಲ್ಲೇ ಉಳಿದಿರುತ್ತದೆ.

ಮುಸುರೆ ಮರಿಗಳಿಗೆ ಬೇಡವೇ ಬೇಡ. ದೊಡ್ಡವಕ್ಕೆ ಹಾಕುವುದಾದರೂ ಕುದಿ ಬಂದ ಮೇಲೆ ಅರ್ಧ ಗಂಟೆ ಕೈಯಾಡಿಸುತ್ತಾ ಕುದಿಸಿ. 2020ರಲ್ಲಿ ಅಸ್ಸಾಂ, ಅರುಣಾಚಲಕ್ಕೆ ಬಂದ ಆಫ್ರಿಕನ್ ಹಂದಿ ಜ್ವರ ಹಸಿ ಮಾಂಸದ ಚೂರಿನಲ್ಲೂ ಹರಡುತ್ತದೆ. ಬಂದರೆ ಗೂಡೇ ಖಾಲಿ.

ಇನ್ನು ಚಳಿ. ನಾಲ್ಕು ವಾರದ ಮರಿಗೆ ಹಾಲು ಬಿಡಿಸಿದರೆ ಮೊದಲ ವಾರ ಸುಮಾರು 28 ಡಿಗ್ರಿ ಬೇಕು. ಈ ಸಲ ಮರಿಗಳ ಎತ್ತರಕ್ಕೆ ಥರ್ಮಾಮೀಟರ್ ತೂಗುಹಾಕಿ ನೋಡಿದೆ. ಬೆಳಗಿನ ಜಾವ 12 ತೋರಿಸಿತು. ಬಲ್ಬ್ ಇದೆ, ಆದರೆ ನಮ್ಮಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಅದಕ್ಕೇ ಮೂಲೆಯಲ್ಲಿ ಎರಡಡಿ ಎತ್ತರಕ್ಕೆ ಮಾಡಿನ ಹಾಗೆ ಹಲಗೆ ಮುಚ್ಚಿ, ಮುಂದೆ ಗೋಣಿತಾಟು ಇಳಿಬಿಟ್ಟು, ಒಳಗೆ ಮೊಣಕಾಲುದ್ದ ಒಣ ಹುಲ್ಲು ತುಂಬಿದೆ. ಆ ಮೂಲೆ ಬಿಟ್ಟು ಉಳಿದ ಹಂದಿಗೂಡಿನ ಮೇಲ್ಭಾಗ ಗಾಳಿಯಾಡಲು ತೆರೆದೇ ಇದೆ. ಬಲ್ಬನ್ನು ಹಗ್ಗದಲ್ಲಿ ಕಟ್ಟಬೇಡಿ, ಸರಪಳಿಯಲ್ಲಿ ತೂಗುಹಾಕಿ. ಕೆಳಗಿರುವುದು ಹುಲ್ಲು.

ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಹೋಗಿ ಗೋಣಿ ಎತ್ತಿ ನೋಡುತ್ತೇನೆ. ಮಗ್ಗುಲಾಗಿ ಸಾಲಾಗಿ ಮಲಗಿದ್ದರೆ ಸದ್ದಿಲ್ಲದೆ ವಾಪಸ್. ಗುಡ್ಡೆ ಬಿದ್ದಿದ್ದರೆ ಇನ್ನೊಂದು ಹೊರೆ ಹುಲ್ಲು.