ಟೀ ಬಾಲ್‌ನಿಂದ ಮೇಜರ್ಸ್‌ವರೆಗೆ: ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ ನಮ್ಮ ಏಳು ಸೀಸನ್

ಪ್ರತಿ ವರ್ಷ ಜನವರಿ ಬಂತೆಂದರೆ ಕನ್ನಡ ಕೂಟದ ಗೆಳತಿಯರಿಂದ ಒಂದೇ ಪ್ರಶ್ನೆ. "ಅಕ್ಕಾ, ಮಗೂನ ಬೇಸ್‌ಬಾಲ್‌ಗೆ ಸೇರಿಸಬಹುದಾ? ನಮಗೆ ಆಟಾನೇ ಗೊತ್ತಿಲ್ವಲ್ಲ." ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗ ಐದು ವರ್ಷದವನಿದ್ದಾಗ, 2018ರ ವಸಂತದಲ್ಲಿ, ಊರಿನ ಲಿಟಲ್ ಲೀಗ್ ಅನ್ನುವ ಮಕ್ಕಳ ಬೇಸ್‌ಬಾಲ್ ಕೂಟ ಸೇರಿದ. 2020ರಲ್ಲಿ ಕೋವಿಡ್‌ನಿಂದಾಗಿ ಆಟವೇ ನಡೆಯಲಿಲ್ಲ. ಆ ವರ್ಷ ಬಿಟ್ಟರೆ 2025ರವರೆಗೆ ಏಳು ಸೀಸನ್ ಆಡಿದ್ದಾನೆ. ಮಗಳು 2022ರಿಂದ ಆಡುತ್ತಿದ್ದಾಳೆ. ಸುಮ್ನೆ ಒಂದು ಸೀಸನ್ ನೋಡಿ ಬರೆದದ್ದಲ್ಲ ಇದು.

ಮೊದಲು ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. ನೀವು ಕಟ್ಟುವ ಫೀಸು ಕೋಚಿಂಗ್‌ಗೆ ಅಲ್ಲ. ಅದು ಮೈದಾನ, ಟೀ ಶರ್ಟು, ಟೋಪಿ, ಅಂಪೈರು, ವಿಮೆ ಇವಕ್ಕೆ ಹೋಗುತ್ತದೆ. ಕೋಚ್ ಅಂದರೆ ನಿಮ್ಮ ಬೀದಿಯ ಇನ್ಯಾವುದೋ ಮಗುವಿನ ಅಪ್ಪ ಅಥವಾ ಅಮ್ಮ. ಅವರಿಗೆ ಸಂಬಳ ಇಲ್ಲ. ಆಫೀಸ್ ಮುಗಿಸಿ, ಊಟ ಬಿಟ್ಟು, ಸಂಜೆ ಐದೂವರೆಗೆ ಬಂದು ನಿಲ್ಲುತ್ತಾರೆ. ಹಾಗಾಗಿ ಒಂದೇ ಲೀಗ್ ಆದರೂ ವರ್ಷ ವರ್ಷಕ್ಕೆ ಬೇರೆ ಅನುಭವ. ಯಾರು ಕೋಚ್ ಆಗಿ ಸಿಗುತ್ತಾರೋ ಅದರ ಮೇಲೆ ಎಲ್ಲ ನಿಂತಿದೆ.

ಇದು ಶುರುವಾದದ್ದೂ ಹಾಗೇ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಅನ್ನುವ ಊರಿನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬುವರು ಮೂರು ತಂಡ ಕಟ್ಟಿದರು. ದುಡ್ಡು ಕೊಟ್ಟವರು ಊರಿನ ಒಂದು ಮರದ ವ್ಯಾಪಾರದವರು, ಒಂದು ಹಾಲಿನ ಡೈರಿ, ಒಂದು ಪ್ರೆಟ್ಜೆಲ್ ಕಂಪನಿ. ಇವತ್ತಿಗೂ ಅದೇ ಕ್ರಮ. ನನ್ನ ಮಗನ ಮೊದಲ ಟೀ ಶರ್ಟಿನ ಬೆನ್ನ ಮೇಲೆ ನಮ್ಮೂರಿನ ಹಲ್ಲಿನ ಡಾಕ್ಟರ ಹೆಸರಿತ್ತು. ಮರುವರ್ಷ ಪಿಜ್ಜಾ ಅಂಗಡಿಯದು.

ಐದು ವರ್ಷದ ಮಕ್ಕಳಿಗೆ ಟೀ ಬಾಲ್. ಮಗುವಿನ ಸೊಂಟದೆತ್ತರದ ಕಂಬದ ಮೇಲೆ ಚೆಂಡು ಕೂತಿರುತ್ತದೆ, ಹೊಡೆದು ಓಡಬೇಕು, ಅಷ್ಟೇ. ಚೆಂಡು ಕೂಡ ಸ್ವಲ್ಪ ಮೆತ್ತಗಿನದು. ನಮ್ಮಲ್ಲಿ ಸ್ಕೋರ್ ಬರೆಯುತ್ತಿರಲಿಲ್ಲ, ಔಟ್ ಕೂಡ ಇರಲಿಲ್ಲ. ಎಲ್ಲರೂ ಒಂದೊಂದು ಸರದಿ ಹೊಡೆದರೆ ಇನ್ನಿಂಗ್ಸ್ ಮುಗಿಯಿತು. ಅರ್ಧ ಮಕ್ಕಳು ಮಣ್ಣಿನಲ್ಲಿ ಬೆರಳಿನಿಂದ ಗೀಚುತ್ತಾ ಕೂತಿರುತ್ತಾರೆ. ಚೆಂಡು ಉರುಳಿ ಬಂದರೆ ಎಲ್ಲರೂ ಒಟ್ಟಿಗೆ ಅದರ ಮೇಲೆ ಬೀಳುತ್ತಾರೆ. ಇಲ್ಲಿ ಏನು ಕಲಿಸುತ್ತಾರಪ್ಪಾ ಅಂತ ಮೊದಲ ಎರಡು ವಾರ ನನಗೂ ಅನ್ನಿಸಿತ್ತು.

ಮೂರನೇ ವಾರ ಕೋಚ್ ಮಕ್ಕಳನ್ನೆಲ್ಲ ಸಾಲಾಗಿ ಬಗ್ಗಿಸಿ ನಿಲ್ಲಿಸಿ ಮೊಸಳೆ ಆಟ ಹೇಳಿಕೊಟ್ಟರು. ಗ್ಲೌಸ್ ಹಾಕಿದ ಎಡಗೈ ನೆಲಕ್ಕೆ ತಾಗಿರಬೇಕು, ಅದು ಮೊಸಳೆಯ ಕೆಳದವಡೆ. ಬಲಗೈ ಮೇಲಿಂದ ತೆರೆದಿರಬೇಕು, ಅದು ಮೇಲಿನ ದವಡೆ. ಚೆಂಡು ಒಳಗೆ ಬಂತೋ, ಬಾಯಿ ಮುಚ್ಚಬೇಕು. ಆ ವಾರವೆಲ್ಲ ಮಗ ಹಾಲ್‌ನಲ್ಲಿ ಕಾಲುಚೀಲ ಉಂಡೆ ಮಾಡಿ ಉರುಳಿಸಿ ಮೊಸಳೆಗೆ ತಿನ್ನಿಸುತ್ತಿದ್ದ. ಈಗ ಹನ್ನೆರಡು ವರ್ಷ, ಶಾರ್ಟ್‌ಸ್ಟಾಪ್‌ನಲ್ಲಿ, ಅಂದರೆ ಎರಡನೇ ಮತ್ತು ಮೂರನೇ ಬೇಸ್‌ನ ನಡುವೆ ನಿಲ್ಲುತ್ತಾನೆ. ಜೋರಾಗಿ ನೆಲದ ಮೇಲೆ ಬರುವ ಚೆಂಡಿಗೆ ಅವನ ಎರಡೂ ಕೈ ಇವತ್ತಿಗೂ ಹಾಗೇ ಮುಚ್ಚಿಕೊಳ್ಳುತ್ತವೆ.

ಆಮೇಲೆ ಕೋಚೇ ಮೆಲ್ಲಗೆ ಚೆಂಡು ಎಸೆಯುವ ಹಂತ. ಅದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಚೆನ್ನಾಗಿರುತ್ತದೆ, ಬೇಗ ಮುಗಿಯುತ್ತದೆ.

ಎಂಟು ಒಂಬತ್ತು ವರ್ಷಕ್ಕೆ ಮಕ್ಕಳೇ ಪಿಚ್ ಮಾಡಲು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯಲು ಶುರು ಮಾಡುತ್ತಾರೆ. ಇದು ಮೈನರ್ಸ್ ಹಂತ, ಇದರ ಮುಂದಿನದು ಹನ್ನೆರಡರವರೆಗಿನ ಮೇಜರ್ಸ್. ನೋಡುವವರಿಗೆ ತಾಳ್ಮೆ ಬೇಕು. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್‌ಗೆ 46 ಅಡಿ. ಅಷ್ಟು ದೂರದಿಂದ ಒಂಬತ್ತು ವರ್ಷದ ಮಗು ಸರಿಯಾದ ಜಾಗಕ್ಕೆ ಎಸೆಯುವುದು ಸುಲಭ ಅಲ್ಲ. ನಾಲ್ಕು ಚೆಂಡು ಆಚೀಚೆ ಹೋದರೆ ಬ್ಯಾಟ್ ಹಿಡಿದ ಮಗು ನಡೆದೇ ಮೊದಲ ಬೇಸ್‌ಗೆ ಹೋಗುತ್ತದೆ. ಕೆಲವು ಸಂಜೆ ಒಬ್ಬರೂ ಬ್ಯಾಟ್ ಬೀಸದೆ ರನ್ (ಮೂರು ಬೇಸ್ ಸುತ್ತಿ ಹೋಮ್ ಪ್ಲೇಟ್‌ಗೆ ಮರಳಿದರೆ ಒಂದು) ಮೇಲೆ ರನ್ ಬರುತ್ತವೆ. ಒಂದು ಸರದಿಗೆ ಐದು ರನ್ ಆದರೆ ನಿಲ್ಲಿಸುವ ನಿಯಮ ಇಟ್ಟಿರುವುದು ಅದಕ್ಕೇ.

ಮಗನಿಗೆ ಹತ್ತು ವರ್ಷ ಇದ್ದಾಗ ಹೀಗೇ ಆಯಿತು. ಮೂರು ಮಕ್ಕಳು ಸಾಲಾಗಿ ನಡೆದುಕೊಂಡು ಹೋದರು. ಬೇಸ್ ಎಲ್ಲ ತುಂಬಿತು. ಮಗ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ. ಅವನು ಅಳು ನುಂಗುವಾಗ ಹಾಗೇ ಮಾಡುವುದು. ಕೋಚ್ ನಿಧಾನಕ್ಕೆ ನಡೆದು ಹೋಗಿ ಅವನ ಮುಂದೆ ಮಂಡಿಯೂರಿ ಕೂತರು. ಅವನ ಶೂ ಲೇಸ್ ಸಡಿಲವಾಗಿತ್ತು. ಅದನ್ನು ಬಿಚ್ಚಿ, ಮತ್ತೆ ಗಟ್ಟಿಯಾಗಿ ಕಟ್ಟಿ, ಏನೋ ಕೇಳಿದರು. ಮಗ ಏನೋ ಹೇಳಿ ನಕ್ಕ. ಮನೆಗೆ ಬರುವಾಗ ಕಾರಿನಲ್ಲಿ ಏನು ಹೇಳಿದರು ಅಂತ ಕೇಳಿದೆ. "ಮಧ್ಯಾಹ್ನ ಏನು ತಿಂದೆ ಅಂತ ಕೇಳಿದ್ರು ಅಮ್ಮಾ. ಪುಳಿಯೋಗರೆ ಅಂದೆ. ಹಾಗಂದ್ರೇನು ಅಂತ ಕೇಳಿದ್ರು." ಪಿಚಿಂಗ್ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮುಂದಿನ ಮಗುವನ್ನು ಅವನು ಔಟ್ ಮಾಡಿದ. ಆ ಕೋಚ್ ವೃತ್ತಿಯಿಂದ ಪ್ಲಂಬರ್. ಅವರ ಋಣ ನಾನು ಮರೆಯುವುದಿಲ್ಲ.

ಈಗ ಕಷ್ಟದ ವರ್ಷದ ಮಾತು. 2022ರಲ್ಲಿ ಸಿಕ್ಕ ಕೋಚ್ ತಮ್ಮ ಮಗನನ್ನೂ ಅವನ ಇಬ್ಬರು ಗೆಳೆಯರನ್ನೂ ಬಿಟ್ಟು ಬೇರೆ ಯಾರಿಗೂ ಒಳಗಿನ ಮೈದಾನದಲ್ಲಿ, ಅಂದರೆ ಬೇಸ್‌ಗಳ ಸುತ್ತಮುತ್ತ ಜಾಗ ಕೊಡಲಿಲ್ಲ. ಲಿಟಲ್ ಲೀಗ್‌ನಲ್ಲಿ ಒಂದು ಒಳ್ಳೆಯ ನಿಯಮ ಇದೆ. ತಂಡದಲ್ಲಿರುವ ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಒಂದು ಸಲ ಬ್ಯಾಟ್ ಮಾಡಬೇಕು, ಕನಿಷ್ಠ ಆರು ಔಟ್ ಆಗುವಷ್ಟು ಹೊತ್ತು ಫೀಲ್ಡಿಂಗ್ ಮಾಡಬೇಕು. ಆರು ಔಟ್ ಅಂದರೆ ಎರಡು ಇನ್ನಿಂಗ್ಸ್. ನನ್ನ ಮಗನಿಗೆ ಆ ವರ್ಷವೆಲ್ಲ ಸಿಕ್ಕಿದ್ದು ಲೆಕ್ಕ ಹಾಕಿದ ಹಾಗೆ ಅಷ್ಟೇ, ಅದೂ ಮೈದಾನದ ಬಲಭಾಗದ ದೂರದ ರೈಟ್ ಫೀಲ್ಡ್‌ನಲ್ಲಿ. ಆ ವಯಸ್ಸಿನ ಮಕ್ಕಳ ಆಟದಲ್ಲಿ ಅಲ್ಲಿಗೆ ಚೆಂಡು ಬರುವುದೇ ಅಪರೂಪ. ಲೀಗ್‌ನ ಮಂಡಳಿಗೆ ಪತ್ರ ಬರೆದೆ. ನಿಯಮ ಪಾಲನೆ ಆಗಿದೆ ಅಂತ ಉತ್ತರ ಬಂತು. ನಿಯಮದ ಅಕ್ಷರ ಪಾಲನೆ ಆಗಿತ್ತು ನಿಜ. ಆದರೆ ಒಂಬತ್ತು ವರ್ಷದ ಹುಡುಗ ಹುಲ್ಲು ಕೀಳುತ್ತಾ ನಿಲ್ಲುವುದನ್ನು ವಾರಕ್ಕೆ ಎರಡು ಸಲ ನೋಡುವುದು ಕಷ್ಟ. ಇನ್ನೂ ಮೂರು ಮನೆಯವರು ದೂರು ಕೊಟ್ಟ ಮೇಲೆ ಮರುವರ್ಷ ಮೈನರ್ಸ್‌ಗೆ ಒಂದು ಊರಿನ ನಿಯಮ ಬಂತು. ಪ್ರತಿ ಮಗುವಿಗೂ ಪಂದ್ಯಕ್ಕೆ ಒಂದು ಇನ್ನಿಂಗ್ಸ್ ಆದರೂ ಒಳಗಿನ ಮೈದಾನದಲ್ಲಿ ಜಾಗ ಕೊಡಬೇಕು ಅಂತ. ನಿಮ್ಮ ಊರಿನಲ್ಲಿ ಇಂಥ ನಿಯಮ ಇದೆಯಾ ಅಂತ ಸೇರಿಸುವ ಮೊದಲೇ ಕೇಳಿ. ನನಗೆ ಯಾರೂ ಹೇಳಿರಲಿಲ್ಲ.

ಆ ವರ್ಷದ ಬೇಜಾರಿನಲ್ಲೇ ನಾನು ಸ್ಕೋರ್ ಬರೆಯುವುದನ್ನು ಕಲಿತೆ. ಸುಮ್ಮನೆ ಕೂತು ಕೊರಗುವುದಕ್ಕಿಂತ ಅದು ಮೇಲು ಅಲ್ವಾ? ಆಟ ಅರ್ಥವಾಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂಬತ್ತು ಜಾಗಕ್ಕೆ ಒಂಬತ್ತು ನಂಬರ್. ಪಿಚರ್ 1, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ 2, ಮೊದಲ ಬೇಸ್‌ನವರು 3, ಶಾರ್ಟ್‌ಸ್ಟಾಪ್ 6, ಹೀಗೆ. ಶಾರ್ಟ್‌ಸ್ಟಾಪ್ ಹಿಡಿದು ಮೊದಲ ಬೇಸ್‌ಗೆ ಎಸೆದು ಔಟ್ ಮಾಡಿದರೆ 6-3 ಅಂತ ಬರೆಯಬೇಕು.

ಸ್ಕೋರ್ ಬರೆಯುವವರ ಇನ್ನೊಂದು ದೊಡ್ಡ ಕೆಲಸ ಪಿಚ್ ಎಣಿಸುವುದು. ಇದನ್ನು ಪ್ರತಿ ಅಪ್ಪ ಅಮ್ಮನೂ ತಿಳಿದಿರಬೇಕು ಅನ್ನುವುದು ನನ್ನ ಹಟ. ಎಂಟು ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ 50 ಪಿಚ್, ಒಂಬತ್ತು ಹತ್ತಕ್ಕೆ 75, ಹನ್ನೊಂದು ಹನ್ನೆರಡಕ್ಕೆ 85. 66 ಅಥವಾ ಜಾಸ್ತಿ ಎಸೆದರೆ ನಾಲ್ಕು ದಿನ ಪಿಚ್ ಮಾಡುವ ಹಾಗಿಲ್ಲ. ಬೆಳೆಯುವ ಮೊಣಕೈ ಮತ್ತು ಭುಜ ಹಾಳಾಗಬಾರದು ಅಂತ 2007ರಿಂದ ಈ ಲೆಕ್ಕ ಇದೆ. ಒಂದು ಪಂದ್ಯದಲ್ಲಿ ಗೆಲುವು ಹತ್ತಿರ ಇತ್ತು. ಎದುರು ತಂಡದ ಹತ್ತು ವರ್ಷದ ಪಿಚರ್ 75 ಮುಟ್ಟಿದ. ನಾನು ಕೈ ಎತ್ತಿ ಹೇಳಿದೆ. ಎದುರಿಗಿದ್ದ ಬ್ಯಾಟರ್‌ನನ್ನು ಮುಗಿಸುವವರೆಗೆ ಎಸೆಯಬಹುದು, ಅದೂ ನಿಯಮವೇ. ಮುಗಿಸಿದ ತಕ್ಷಣ ಅವರ ಕೋಚ್ ಒಂದು ಮಾತೂ ಆಡದೆ ಅವನನ್ನು ಬದಲಾಯಿಸಿದರು. ಆ ಪಂದ್ಯ ಅವರು ಸೋತರು. ಹೋಗುವಾಗ ನನ್ನ ಹತ್ತಿರ ಬಂದು ಥ್ಯಾಂಕ್ಸ್ ಹೇಳಿದರು. ಇಂಥದ್ದನ್ನು ನೋಡಿದಾಗ ಈ ಲೀಗ್ ಮೇಲೆ ಗೌರವ ಬರುತ್ತದೆ.

ಮಗಳ ವಿಷಯ. "ಹುಡುಗಿ ಅಲ್ವಾ, ಸಾಫ್ಟ್‌ಬಾಲ್‌ಗೆ ಹಾಕಿ" ಅಂತ ಏಳನೇ ವಯಸ್ಸಿನಿಂದಲೇ ಹೇಳುವವರು ಹೇಳಿದರು. ಸಾಫ್ಟ್‌ಬಾಲ್ ಒಳ್ಳೆಯ ಆಟವೇ. ಆದರೆ ಅವಳಿಗೆ ಬೇಕಾದದ್ದು ಅಣ್ಣನ ಆಟ. ಈ ವಿಚಾರದಲ್ಲಿ ನಮ್ಮ ನ್ಯೂಜೆರ್ಸಿಗೇ ಒಂದು ಚರಿತ್ರೆ ಇದೆ. 1972ರಲ್ಲಿ ಹೋಬೋಕನ್‌ನಲ್ಲಿ ಮರಿಯಾ ಪೆಪೆ ಅನ್ನುವ ಹುಡುಗಿ ಮೂರು ಪಂದ್ಯ ಆಡಿದ್ದಳು, ಅಷ್ಟರಲ್ಲಿ ಹುಡುಗಿ ಅನ್ನುವ ಕಾರಣಕ್ಕೆ ಹೊರಗಿಟ್ಟರು. ಕೇಸು ನಡೆಯಿತು. 1974ರಲ್ಲಿ ಹುಡುಗಿಯರಿಗೂ ಲಿಟಲ್ ಲೀಗ್ ಬಾಗಿಲು ತೆರೆಯಿತು. ಅಷ್ಟರಲ್ಲಿ ಪಾಪ, ಆಕೆಯ ಆಡುವ ವಯಸ್ಸೇ ದಾಟಿತ್ತು. 2014ರಲ್ಲಿ ಮೋನೇ ಡೇವಿಸ್ ಅನ್ನುವ ಹುಡುಗಿ ಪಿಚರ್ ಆಗಿ ಲಿಟಲ್ ಲೀಗ್ ವರ್ಲ್ಡ್ ಸೀರೀಸ್‌ನಲ್ಲಿ ಒಂದೂ ರನ್ ಕೊಡದೆ ಪಂದ್ಯ ಗೆಲ್ಲಿಸಿದಳಲ್ಲ, ಅದನ್ನು ನನ್ನ ಮಗಳು ನೂರು ಸಲ ನೋಡಿದ್ದಾಳೆ. ತಂಡದಲ್ಲಿ ಈಗ ಅವಳೊಬ್ಬಳೇ ಹುಡುಗಿ. ಕೋಚ್‌ಗಳಿಂದ ಈವರೆಗೆ ತೊಂದರೆ ಆಗಿಲ್ಲ. ಬಟ್ಟೆ ಬದಲಿಸಲು ಸರಿಯಾದ ಜಾಗ ಇಲ್ಲ, ಅದೊಂದು ದೂರು ಇದೆ.

2024ರ ಮೇ ತಿಂಗಳಲ್ಲಿ ಅಪ್ಪ ಮೈಸೂರಿನಿಂದ ಬಂದಿದ್ದರು. ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡಿದವರಲ್ಲ. ಮೊಮ್ಮಗ ಹೊಡೆದ ಚೆಂಡು ಬ್ಯಾಟ್‌ನ ಅಂಚಿಗೆ ತಾಗಿ ಕ್ಯಾಚರ್‌ನ ಪಕ್ಕದಿಂದ ಹಿಂದಕ್ಕೆ ಹೋಯಿತು. "ಏನು ಗ್ಲಾನ್ಸ್ ಕಣಮ್ಮಾ!" ಅಂತ ಚಪ್ಪಾಳೆ ಹೊಡೆದರು. ಅದು ಫೌಲ್, ಅದಕ್ಕೆ ರನ್ ಇಲ್ಲ ಅಪ್ಪಾ ಅಂದೆ. ಆಮೇಲೆ ನಿಜವಾಗಿ ಹೊಡೆದು ಓಡಿದಾಗ, "ಬ್ಯಾಟ್ ಯಾಕೆ ಬಿಟ್ಟು ಓಡ್ತಾನೆ? ಕ್ರೀಸ್‌ಗೆ ಏನು ತಾಗಿಸ್ತಾನೆ?" ಅಂದರು. ಮೂರನೇ ವಾರಕ್ಕೆ ಅವರೇ ಪಕ್ಕದಲ್ಲಿದ್ದ ಇನ್ನೊಬ್ಬ ತಾತನಿಗೆ ಸನ್ನೆಯಲ್ಲೇ ವಿವರಿಸುತ್ತಿದ್ದರು. ಆ ತಾತ ಚೀನಾದವರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರದು. ಪ್ರತಿ ಶನಿವಾರ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು.

ಖರ್ಚಿನ ಮಾತು. ನಮ್ಮೂರಿನಲ್ಲಿ ಟೀ ಬಾಲ್‌ಗೆ 110 ಡಾಲರ್, ಮೇಜರ್ಸ್‌ಗೆ 185 ಡಾಲರ್ ಕೊಟ್ಟಿದ್ದೇವೆ. ಮೈದಾನದ ತಿಂಡಿ ಅಂಗಡಿಯ ಡ್ಯೂಟಿಗೆ 100 ಡಾಲರ್ ಚೆಕ್ ಬೇರೆ ಇಸಿದುಕೊಳ್ಳುತ್ತಾರೆ, ಹಾಟ್‌ಡಾಗ್ ಮಾರುವ ಕೆಲಸ ಮಾಡಿದರೆ ವಾಪಸ್. ನಾವು ಸಸ್ಯಾಹಾರಿಗಳು, ಹಾಗಾಗಿ ನಾನು ಪಾಪ್‌ಕಾರ್ನ್ ಮೆಷಿನ್ ಹತ್ತಿರ ನಿಲ್ಲುತ್ತೇನೆ ಅಂದೆ. ಯಾರೂ ಬೇಡ ಅನ್ನಲಿಲ್ಲ. ಗ್ಲೌಸ್ ಮೊದಲು ಸಸ್ತಾದ್ದೇ ಕೊಳ್ಳಿ. ಹೊಸ ಗ್ಲೌಸ್ ಹಲಗೆಯ ಹಾಗೆ ಬಿರುಸಾಗಿರುತ್ತದೆ. ಒಳಗೆ ಚೆಂಡಿಟ್ಟು ರಬ್ಬರ್ ಬ್ಯಾಂಡ್ ಹಾಕಿ ಒಂದು ವಾರ ಹಾಸಿಗೆ ಕೆಳಗೆ ಇಡಿ. ಬ್ಯಾಟ್ ಕೊಳ್ಳುವಾಗ ಅದರ ಮೇಲೆ ಯುಎಸ್‌ಎ ಬೇಸ್‌ಬಾಲ್ ಅನ್ನುವ ಮುದ್ರೆ ಇದೆಯಾ ನೋಡಿ. 2018ರಿಂದ ಅದಿಲ್ಲದ ಲೋಹದ ಬ್ಯಾಟ್ ನಡೆಯುವುದಿಲ್ಲ. ನೆರೆಮನೆಯವರು ಕೊಟ್ಟ ಹಳೆಯ ಬ್ಯಾಟ್ ತೆಗೆದುಕೊಂಡು ಹೋಗಿ ಮೊದಲ ದಿನವೇ ವಾಪಸ್ ತಂದಿದ್ದೇವೆ.

ವಯಸ್ಸಿನ ಲೆಕ್ಕಕ್ಕೆ ನಮ್ಮ ವರ್ಷಗಳಲ್ಲಿ ಆಗಸ್ಟ್ 31 ಗಡುವು ಇತ್ತು. ಜುಲೈನಲ್ಲಿ ಹುಟ್ಟಿದ ಮಗು ಏಪ್ರಿಲ್‌ನಲ್ಲಿ ಇನ್ನೂ ಏಳೇ ಇದ್ದರೂ ಲೀಗ್‌ನಲ್ಲಿ ಎಂಟು. ನನ್ನ ಮಗ ಅಕ್ಟೋಬರ್‌ನವನು, ಅವನಿಗೆ ಇದರಿಂದ ಅನುಕೂಲವೇ ಆಯಿತು. ಬೇಸಿಗೆ ರಜೆಯಲ್ಲಿ ಹುಟ್ಟಿದ ಮಕ್ಕಳ ಅಪ್ಪ ಅಮ್ಮ ಮಾತ್ರ ಒಂದು ಹಂತ ಕೆಳಗೆ ಆಡಿಸಬಹುದಾ ಅಂತ ಲೀಗ್ ಅನ್ನು ಕೇಳಿ ನೋಡಬೇಕು.

ಸಮಯ ತುಂಬಾ ಹೋಗುತ್ತದೆ. ವಾರಕ್ಕೆ ಮೂರು ದಿನ ಗ್ಯಾರಂಟಿ. ಶನಿವಾರದ ಕನ್ನಡ ಕ್ಲಾಸ್‌ಗೆ ಏಪ್ರಿಲ್, ಮೇನಲ್ಲಿ ಅರ್ಧ ಹಾಜರಿ. ಮಳೆ ಬಂದರೆ ಮೈದಾನ ಮುಚ್ಚಿದೆ ಅಂತ ಮೆಸೇಜ್ ಬರುತ್ತದೆ, ಅದೂ ಕೊನೆಯ ಗಳಿಗೆಗೆ, ಶೂ ಹಾಕಿ ಬಾಗಿಲಲ್ಲಿ ನಿಂತಾಗ. ಏಳು ವರ್ಷದಲ್ಲಿ ಇದೊಂದು ಸುಧಾರಿಸಿಲ್ಲ.

ಐದಕ್ಕೆ ಎಷ್ಟು ಅಂದರೆ ನಾಲ್ಕು ಕೊಡುತ್ತೇನೆ. ಒಂದನ್ನು ಇಟ್ಟುಕೊಂಡದ್ದು 2022ಕ್ಕೆ.

ಹನ್ನೆರಡಾದ ಮೇಲೆ ದಾರಿ ಕವಲಾಗುತ್ತದೆ. ಈವರೆಗೆ ಬೇಸ್‌ನಿಂದ ಬೇಸ್‌ಗೆ 60 ಅಡಿ ಇತ್ತು. ದೊಡ್ಡವರ ಮೈದಾನದಲ್ಲಿ 90. ಪಿಚಿಂಗ್ 60 ಅಡಿ 6 ಇಂಚು. ಒಮ್ಮೆಲೇ ಅಷ್ಟು ದೂರ ಅಂದರೆ ಸಣ್ಣ ಮೈಯ ಮಕ್ಕಳು ಸೋತು ಬಿಟ್ಟುಬಿಡುತ್ತಾರೆ. ಮಗನ ಗೆಳೆಯರಲ್ಲಿ ಅರ್ಧ ಜನ ಆಗಲೇ ಬಿಟ್ಟಿದ್ದಾರೆ. ಕೆಲವರು ದುಡ್ಡು ಸುರಿದು ಊರೂರು ಸುತ್ತಿ ಆಡುವ ಟ್ರಾವೆಲ್ ತಂಡಕ್ಕೆ ಹೋದರು. ನಡುವೆ 50/70 ಅನ್ನುವ ಒಂದು ಹಂತ ಇದೆ, ಪಿಚಿಂಗ್‌ಗೆ 50 ಅಡಿ, ಬೇಸ್‌ಗೆ 70. ನಿಮ್ಮ ಲೀಗ್‌ನಲ್ಲಿ ಅದು ಇದ್ದರೆ ಅದೃಷ್ಟ. ನಮ್ಮಲ್ಲಿ ಪಕ್ಕದ ಊರಿನ ಜೊತೆ ಸೇರಿ ನಡೆಸುತ್ತಾರೆ, ಮಗ ಅಲ್ಲಿಗೆ ಹೋಗುತ್ತಾನೆ.

ಮಗಳನ್ನು ಮುಂದಿನ ವಸಂತಕ್ಕೆ ಮೈನರ್ಸ್‌ಗೆ ಬರೆಸಿದ್ದೇವೆ. ಅಣ್ಣನ ಹಳೆಯ ಗ್ಲೌಸ್ ಪಳಗಿ ಬೆಣ್ಣೆಯ ಹಾಗಾಗಿದೆ, ಆದರೆ ಅವಳಿಗೆ ಆಗುವುದಿಲ್ಲ. ಅವಳು ಎಡಗೈಯಲ್ಲಿ ಎಸೆಯುವವಳು, ಗ್ಲೌಸ್ ಬಲಗೈಗೆ ಬೇಕು. ಅಂಥದ್ದು ಹಳೆಯದು ಸಿಗುವುದು ಕಷ್ಟ. ಯಾರ ಮನೆಯಲ್ಲಾದರೂ ಹನ್ನೊಂದು ಇಂಚಿನದು ಇದ್ದರೆ ದಯವಿಟ್ಟು ಹೇಳಿ.