"ಎಷ್ಟು ಸಿಸಿ ಸಾರ್?": ಇಂಟ್ರೂಡರ್ ಜೊತೆ ಏಳು ವರ್ಷ

ಪೆಟ್ರೋಲ್ ಬಂಕಿನ ಹುಡುಗ ಟ್ಯಾಂಕಿಗೆ ಪೈಪ್ ಹಾಕುವ ಮೊದಲೇ ಕೇಳುತ್ತಾನೆ. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತ ಆಟೋದವರು ತಲೆ ಹೊರಗೆ ಹಾಕಿ ಕೇಳುತ್ತಾರೆ. ಒಂದು ಮದುವೆಯಲ್ಲಿ ಪುರೋಹಿತರು ಛತ್ರದ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. ಪ್ರಶ್ನೆ ಒಂದೇ. "ಎಷ್ಟು ಸಿಸಿ ಇದು?"

"155."

ಆಮೇಲೆ ಒಂದು ಗಳಿಗೆ ಸದ್ದಿಲ್ಲ. "ಓ, ಅಷ್ಟೇನಾ" ಅನ್ನುವವರು ಒಳ್ಳೆಯವರು. ಉಳಿದವರು ಗಾಡಿಯನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿ, ನನ್ನನ್ನೂ ಹಾಗೇ ನೋಡಿ, ಸುಮ್ಮನಾಗುತ್ತಾರೆ.

ನನ್ನದು ಸುಜುಕಿ ಇಂಟ್ರೂಡರ್ ಬೈಕು, ಫ್ಯೂಯೆಲ್ ಇಂಜೆಕ್ಷನ್ ಇರುವ 2018ರ ಮಾದರಿ. ಬೂದು, ಕಪ್ಪು ಬಣ್ಣ. ಆ ವರ್ಷ ದಸರಾಕ್ಕೆ ಮನೆಗೆ ಬಂತು, ಈಗ ಮೀಟರಿನಲ್ಲಿ 71 ಸಾವಿರ ದಾಟಿದೆ. ಕಂಪನಿ 2022ರಲ್ಲಿ ಇದನ್ನು ನಿಲ್ಲಿಸಿತು. ಹೊಸದು ಸಿಗುವುದಿಲ್ಲ. ಆದರೂ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಳ್ಳಲೋ ಬೇಡವೋ ಅಂತ ತಿಂಗಳಿಗೆ ಒಬ್ಬರಾದರೂ ನನ್ನನ್ನು ಕೇಳುತ್ತಾರೆ. ಅವರಿಗೆಲ್ಲ ಒಟ್ಟಿಗೆ ಹೇಳಿಬಿಡೋಣ ಅಂತ ಕೂತಿದ್ದೇನೆ.

ನೋಡದೇ ಇರುವವರಿಗೆ ಸ್ವಲ್ಪ ಹಿನ್ನೆಲೆ. ಸುಜುಕಿಯಲ್ಲಿ ಎಂ1800ಆರ್ ಅಂತ ಒಂದು ದೊಡ್ಡ ಕ್ರೂಸರ್, ಅಂದರೆ ತಗ್ಗಿನ ಸೀಟಿನ ಉದ್ದನೆಯ ಬೈಕು, ಇತ್ತು. 1783 ಸಿಸಿ, ಎರಡು ಸಿಲಿಂಡರ್, ಗೂಳಿಯಂಥ ಗಾಡಿ. ಅದರ ಮುಖ, ಭುಜ, ಹಿಂಭಾಗದ ಆಕಾರ ತೆಗೆದು ತಮ್ಮದೇ ಸಣ್ಣ ಬೈಕು ಜಿಕ್ಸರ್‌ನ 155 ಸಿಸಿ ಇಂಜಿನ್ ಸುತ್ತ ಕಟ್ಟಿದರು. 2017ರ ನವೆಂಬರಿನಲ್ಲಿ ಬಂದಾಗ ದೆಹಲಿ ಶೋರೂಂ ಬೆಲೆ 98,340 ರೂಪಾಯಿ. ಅದಕ್ಕಿಂತ ಕಡಿಮೆ ದುಡ್ಡಿಗೆ ಬಜಾಜ್‌ನ 220 ಸಿಸಿ ಅವೆಂಜರ್ ಸಿಗುತ್ತಿತ್ತು. ಜನ ನಗದೆ ಇನ್ನೇನು ಮಾಡಿಯಾರು? ಅಪ್ಪನ ಕೋಟು ಹಾಕಿಕೊಂಡ ಮಗು ಅಂದರು. ನನ್ನ ಭಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಇದು ಬೈಕೋ, ಸ್ಕೂಟರಿಗೆ ಯಕ್ಷಗಾನದ ವೇಷವೋ?" ಅಂದ. ಮೊನ್ನೆ ಹಬ್ಬದ ಊಟಕ್ಕೆ ಕೂತಾಗಲೂ ಅದನ್ನೇ ಹೇಳಿ ತಾನೇ ನಕ್ಕ.

ಹಾಗಿದ್ದರೆ ನಾನು ಯಾಕೆ ತಗೊಂಡೆ? ನನ್ನ ಎತ್ತರ ಐದಡಿ ಎರಡೂವರೆ ಇಂಚು. ಕಾರಣ ಅಷ್ಟೇ.

ಕುಳ್ಳಗಿರುವವರಿಗೆ ಮಾತ್ರ ಇದು ಅರ್ಥವಾಗುತ್ತದೆ. ಶೋರೂಮಿಗೆ ಹೋಗುತ್ತೀರಿ. ಹುಡುಗ "ಕೂತು ನೋಡಿ ಸರ್" ಅನ್ನುತ್ತಾನೆ. ಕೂರುತ್ತೀರಿ. ಎರಡೂ ಕಡೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಅವನು ಬೇರೆ ಕಡೆ ನೋಡಿದ ಹಾಗೆ ನಟಿಸುತ್ತಾನೆ. ಹೀಗೆ ನಾಲ್ಕು ಶೋರೂಂ ಸುತ್ತಿ ಬಂದಿದ್ದೆ. ಇಂಟ್ರೂಡರ್ ಸೀಟಿನ ಎತ್ತರ 740 ಮಿಲಿಮೀಟರ್. ಕೂತ ತಕ್ಷಣ ಎರಡೂ ಪಾದ, ಹಿಮ್ಮಡಿ ಸಮೇತ, ನೆಲದ ಮೇಲೆ. ನನಗೆ ಆಗ ಮೂವತ್ತೆಂಟು ವರ್ಷ. ಅಷ್ಟು ವರ್ಷದಲ್ಲಿ ಬೈಕಿನ ಮೇಲೆ ಕೂತು ಹಿಮ್ಮಡಿ ಊರಿದ್ದು ಅದೇ ಮೊದಲು. ಮುಂಗಡ ಅಲ್ಲೇ ಕೊಟ್ಟೆ. ಮುಖ ಹೇಗಿದೆ ಅಂತ ಸರಿಯಾಗಿ ನೋಡಿದ್ದು ಮನೆಗೆ ಬಂದ ಮೇಲೆ.

ಮೈಸೂರಿನಿಂದ ನಂಜನಗೂಡಿಗೆ ದಿನಾ ಕೆಲಸಕ್ಕೆ ಹೋಗಿ ಬರುತ್ತೇನೆ. ಎರಡೂ ಕಡೆ ಸೇರಿ ಐವತ್ತು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ಬೆಳಗ್ಗೆ ಆರೂಮುಕ್ಕಾಲಿಗೆ ಹಳೇ ಬನಿಯನ್ ಒದ್ದೆ ಮಾಡಿಕೊಂಡು ಹೊರಗೆ ಬರುತ್ತೇನೆ. ಮೊದಲು ಟ್ಯಾಂಕು, ಆಮೇಲೆ ಟ್ಯಾಂಕಿನ ಅಕ್ಕಪಕ್ಕದ ಆ ದೊಡ್ಡ ಪ್ಲಾಸ್ಟಿಕ್ ರೆಕ್ಕೆಗಳು, ಕೊನೆಗೆ ಸೀಟು. ಕೂತುಕೊಂಡೇ ಎರಡು ಕಾಲಿನಿಂದ ತಳ್ಳಿಕೊಂಡು ಗೇಟಿನಿಂದ ಹಿಂದಕ್ಕೆ ಬರುತ್ತೇನೆ. ಈ ಹಿಂದಕ್ಕೆ ಬರುವ ಸುಖ ಇದೆಯಲ್ಲ, ಅದನ್ನು ಯಾವ ಬ್ರೋಷರ್‌ನಲ್ಲೂ ಬರೆಯುವುದಿಲ್ಲ. ಹಳೇ ಬೈಕಿನಲ್ಲಿ ಇಳಿದು, ಹ್ಯಾಂಡಲ್ ಹಿಡಿದು, ಸೊಂಟ ಕೊಟ್ಟು ಎಳೆಯಬೇಕಿತ್ತು. ಈಗ ಕುರ್ಚಿ ಸರಿಸಿದ ಹಾಗೆ.

ಕಡಕೊಳದ ಹತ್ತಿರ ಟೀ. ಅಂಗಡಿಯ ಮುಂದೆ ನೆಲ ಸ್ವಲ್ಪ ಇಳಿಜಾರು. ಅಲ್ಲಿ ಬೈಕಿನ ಮೇಲೆ ಕೂತೇ ಟೀ ಕುಡಿಯುತ್ತೇನೆ, ಎರಡೂ ಕಾಲು ಊರಿಕೊಂಡು, ಬೇಕೂಂತಲೇ. ನಂಜನಗೂಡಿನಲ್ಲಿ ದೊಡ್ಡ ಜಾತ್ರೆ ಸಮಯದಲ್ಲಿ ಐದು ತೇರು ಬೀದಿಗೆ ಬಂದಾಗ ಜನರ ಮಧ್ಯೆ ಒಂದೊಂದೇ ಅಡಿ ಸರಿಯಬೇಕು. ಒಂದು ಬಾಳೆಗೊನೆ ಅಡ್ಡ ಬಂದರೂ ನಿಲ್ಲಬೇಕು. ಅಂಥ ಕಡೆ ಈ ಗಾಡಿ ನನ್ನನ್ನು ಒಮ್ಮೆಯೂ ಬೀಳಿಸಿಲ್ಲ.

ಮೈಲೇಜು ನನ್ನ ಕೈಯಲ್ಲಿ 42ರಿಂದ 45. ಟ್ಯಾಂಕ್ 11 ಲೀಟರ್. ನಾನು 80ರ ಮೇಲೆ ಹೋಗುವವನಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. 80ರವರೆಗೆ ಇಂಜಿನ್ ಬಲು ಸಮಾಧಾನ. ಅದರಾಚೆ ಹೋದರೆ ಗಾಳಿಗೆ ಎದೆ ಕೊಡಬೇಕು, ಅದೂ ಸ್ವಲ್ಪ ಏದುಸಿರು ಬಿಡುತ್ತದೆ. 148 ಕಿಲೋ ಗಾಡಿ, ಮೇಲೆ ನಾನು, ಹಿಂದೆ ಹೆಂಡತಿ, 155 ಸಿಸಿ. ಪಾಪ, ಎಷ್ಟು ಅಂತ ಎಳೆಯುತ್ತೆ. ಮೈಸೂರು ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಲಾರಿ ದಾಟುವಾಗ ಜೀವ ಕೈಯಲ್ಲಿರುತ್ತಿತ್ತು. 2023ರ ಆಗಸ್ಟ್ 1ರಿಂದ ಅಲ್ಲಿಗೆ ಬೈಕುಗಳನ್ನೇ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ಎಲ್ಲರೂ ಬೈದರು. ನಾನು ಬೈಯಲಿಲ್ಲ. ನನ್ನ ಗಾಡಿಗೂ ಐದು ಪಟ್ಟು ಬೆಲೆಯ ಗಾಡಿಗೂ ಈಗ ಒಂದೇ ವೇಗ.

ಇಲ್ಲಿಯವರೆಗೆ ಓದಿ "ತಗೊಂಡುಬಿಡೋಣ" ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ.

ಈ ಗಾಡಿಯ ಕಷ್ಟ ಇರುವುದು ಅದರ ಅಲಂಕಾರದಲ್ಲಿ. ಎಲ್ಲಿ ನೋಡಿದರೂ ಪ್ಲಾಸ್ಟಿಕ್ಕು, ಅದರ ಕೆಳಗೆ ಸಂದು. ಆಯುಧಪೂಜೆಯ ದಿನ ನಮ್ಮಮ್ಮ ಕೈತುಂಬ ಕುಂಕುಮ ಹಚ್ಚುತ್ತಾರೆ. ಆ ಕುಂಕುಮ ಸಂಕ್ರಾಂತಿಯಾದರೂ ಯಾವುದೋ ಸಂದಿಯಿಂದ ಉದುರುತ್ತಲೇ ಇರುತ್ತದೆ. ತೊಳೆಯಲು ಹಳೇ ಟೂತ್‌ಬ್ರಷ್ ಬೇಕು, ಭಾನುವಾರದ ಒಂದು ಗಂಟೆ ಬೇಕು. 2020ರ ಲಾಕ್‌ಡೌನ್‌ನಲ್ಲಿ ಎರಡು ತಿಂಗಳು ಗಾಡಿ ತೆಗೆದಿರಲಿಲ್ಲ. ತೆಗೆದ ದಿನ ನೋಡಿದರೆ ಬಲಗಡೆ ರೆಕ್ಕೆಯ ಒಳಗೆ ಕಣಜದ ಹುಳ ಮಣ್ಣು ತಂದು ಅಚ್ಚುಕಟ್ಟಾಗಿ ಮೂರು ಕೋಣೆಯ ಮನೆ ಕಟ್ಟಿತ್ತು. ಬಸುರಿ ಇರುವ ಮನೆಯಲ್ಲಿ ಅದು ಗೂಡು ಕಟ್ಟಿದರೆ ಒಳ್ಳೆಯದು ಅಂತ ಅಮ್ಮ ಒಡೆಯಲು ಬಿಡಲಿಲ್ಲ. ನಮ್ಮ ಮನೆಯಲ್ಲಿ ಆಗ ಯಾರೂ ಬಸುರಿ ಇರಲಿಲ್ಲ, ಅದು ಬೇರೆ ಮಾತು. ಇನ್ನೊಂದು ವಾರ ಬಸ್ಸಿನಲ್ಲಿ ಓಡಾಡಿದೆ.

ಇದೆಲ್ಲ ತಮಾಷೆ. ತಮಾಷೆ ಅಲ್ಲದ್ದು ನಡೆದದ್ದು ಕಳೆದ ವರ್ಷ.

ಒಂದು ಪಾರ್ಕಿಂಗ್‌ನಲ್ಲಿ ಯಾರೋ ಗಾಡಿ ಬೀಳಿಸಿ, ಎತ್ತಿ ನಿಲ್ಲಿಸಿ, ಹೋಗಿಬಿಟ್ಟಿದ್ದರು. ಬೇರೆ ಬೈಕಾಗಿದ್ದರೆ ಒಂದು ಗೀರು, ಒಂದು ಇಂಡಿಕೇಟರ್. ನನ್ನದರಲ್ಲಿ ಎಡಗಡೆ ರೆಕ್ಕೆ ಒಂದು ಗೇಣು ಸೀಳಿ ಬಾಯಿ ಬಿಟ್ಟಿತ್ತು. ರಿಪೇರಿಗೆ ಒಂದು ಕಡೆ ಕೊಟ್ಟೆ. ಎಲ್ಲಿ ಅಂತ ಹೇಳುವುದು ಬೇಡ. "ಆರ್ಡರ್ ಹಾಕಿದೀವಿ ಸರ್, ಮುಂದಿನ ವಾರ" ಅಂದರು. ಮುಂದಿನ ವಾರ ಮೂರು ತಿಂಗಳಾಯಿತು. ಕೊನೆಗೆ ಕೌಂಟರಿನ ಹುಡುಗಿ ತಲೆ ಎತ್ತದೆಯೇ ಹೇಳಿದಳು, "ಆ ಗಾಡಿ ಈಗ ಬರ್ತಿಲ್ಲ ಅಲ್ವಾ ಸರ್." ಮೂರು ತಿಂಗಳ ಹಿಂದೆಯೂ ಬರುತ್ತಿರಲಿಲ್ಲ ತಾನೇ? ಆವತ್ತೇ ಹೇಳಿದ್ದರೆ ಏನಾಗುತ್ತಿತ್ತು?

ಆ ದಿನ ನಿಜಕ್ಕೂ ಮಾರಿಬಿಡೋಣ ಅನ್ನಿಸಿತು. ಒಬ್ಬ ಬ್ರೋಕರ್ ನೋಡಿ, ಸೀಳಿಗೆ ಬೆರಳಿಟ್ಟು, 28 ಸಾವಿರ ಅಂದ. ಅದೇ ವರ್ಷದ ಜಿಕ್ಸರ್‌ಗೆ ಎಷ್ಟು ಕೊಡುತ್ತೀಯ ಅಂತ ಕೇಳಿದೆ. ಹತ್ತು ಸಾವಿರ ಜಾಸ್ತಿ ಹೇಳಿದ. ಇಂಜಿನ್ ಎರಡಕ್ಕೂ ಒಂದೇ, ಹೊಸದರಲ್ಲಿ ದುಡ್ಡು ಜಾಸ್ತಿ ಕೊಟ್ಟವನು ನಾನು. ಮೈಯೆಲ್ಲ ಉರಿಯಿತು.

ಆಫೀಸಿನ ಗೆಳೆಯನೊಬ್ಬ ಮಂಡಿ ಮೊಹಲ್ಲಾ ಕಡೆ ಪ್ಲಾಸ್ಟಿಕ್ ಬೆಸುಗೆ ಹಾಕುವವರಿದ್ದಾರೆ ಅಂದ. ಹುಡುಕಿಕೊಂಡು ಹೋದೆ. ಆರಡಿ ಅಗಲದ ಅಂಗಡಿ, ಒಂದು ಸ್ಟೂಲು, ಒಬ್ಬರು ವಯಸ್ಸಾದ ಸಾಹೇಬರು. ಅವರು ಎಷ್ಟು ಸಿಸಿ ಅಂತ ಕೇಳಲಿಲ್ಲ. ರೆಕ್ಕೆ ಬಿಚ್ಚಿ ಮೊಣಕಾಲ ಮೇಲೆ ಮಗುಚಿ ಇಟ್ಟುಕೊಂಡರು. ಸ್ಟೇಪ್ಲರ್ ಪಿನ್ನುಗಳನ್ನು ಒಂದೊಂದಾಗಿ ಚಿಮಟದಲ್ಲಿ ಹಿಡಿದು, ಸೀಳಿಗೆ ಅಡ್ಡವಾಗಿ ಇಟ್ಟು, ಕಾದ ಬೆಸುಗೆ ಕಡ್ಡಿಯಿಂದ ಒತ್ತಿದರು. ಪಿನ್ನು ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು. ಹೊಗೆ, ಸುಟ್ಟ ಬಕೆಟ್ಟಿನ ವಾಸನೆ. ಹದಿನೇಳು ಪಿನ್ನು, ನಾನು ಎಣಿಸಿದೆ. ಆಮೇಲೆ ಒಡೆದ ಬಂಪರಿನ ಚೂರನ್ನು ಕರಗಿಸಿ ಮೇಲೆ ಸವರಿದರು, ದೋಸೆ ಹಂಚಿಗೆ ಎಣ್ಣೆ ಸವರಿದಂತೆ. 250 ರೂಪಾಯಿ. ಹೊರಗಿನಿಂದ ಒಂದು ಸಣ್ಣ ಗೆರೆ ಕಾಣುತ್ತದೆ, ಒಳಗೆ ಕೈ ಹಾಕಿದರೆ ಆಪರೇಷನ್ ಆದ ಹೊಲಿಗೆ ಮುಟ್ಟಿದ ಹಾಗೆ ಆಗುತ್ತದೆ. ಒಂದು ಮಳೆಗಾಲ ಕಳೆದಿದೆ, ಬಿಟ್ಟಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಇಂಜಿನ್ ಕಡೆ ನನಗೆ ಯಾವ ತಲೆನೋವೂ ಬಂದಿಲ್ಲ. ಆಯಿಲ್ ಫಿಲ್ಟರ್, ಪ್ಲಗ್ಗು ಕೇಳಿದ ತಕ್ಷಣ ಸಿಗುತ್ತವೆ, ಹಿಂದಿನ 140/60 ಆರ್17 ಅಳತೆಯ ಟೈರು ಯಾವ ಅಂಗಡಿಯಲ್ಲಾದರೂ ಇರುತ್ತದೆ. ಕಿಕ್ ಇಲ್ಲ, ಹಾಗಾಗಿ ಬ್ಯಾಟರಿ ವಿಷಯದಲ್ಲಿ ಸೋಮಾರಿತನ ಬೇಡ. ಹೆದರಬೇಕಾಗಿರುವುದು ಹೊರಗಿನ ಅಂಗಿಗೆ ಮಾತ್ರ.

ಕೊನೆಗೂ ಗಾಡಿ ಮಾರಲಿಲ್ಲ, ಅದಕ್ಕೆ ಮಾದಪ್ಪನ ಬೆಟ್ಟವೂ ಒಂದು ಕಾರಣ. ಬೆಸುಗೆ ಹಾಕಿಸಿದ ಮುಂದಿನ ತಿಂಗಳು ಹೆಂಡತಿಯ ಜೊತೆ ಕೊಳ್ಳೇಗಾಲ, ಹನೂರು ದಾಟಿ ಹೋದೆ. ತಾಳಬೆಟ್ಟದಿಂದ ಘಾಟಿ ಶುರು. ಕ್ರೂಸರ್ ಅಂದರೆ ಉದ್ದನೆಯ ಗಾಡಿ, ತಿರುವಿನಲ್ಲಿ ಎತ್ತಿನಗಾಡಿಯ ಹಾಗೆ ಸುತ್ತು ಹಾಕುತ್ತದೆ ಅಂತ ಅಂದುಕೊಳ್ಳುತ್ತೇವೆ. ಇದಕ್ಕೆ ಎರಡೂ ಕಡೆ 17 ಇಂಚಿನ ಚಕ್ರ, ಕೆಳಗಿರುವುದು ಜಿಕ್ಸರ್‌ನ ಮನೆತನ. ಬಾಗು ಅಂದರೆ ಬಾಗುತ್ತದೆ. ಎರಡನೇ ಗೇರಿನಲ್ಲಿ ಅವಸರವಿಲ್ಲದೆ ಒಂದೊಂದೇ ತಿರುವು ಹತ್ತಿತು. ಹಿಂದೆ ಕೂತವಳು ಅಲ್ಲಿಯವರೆಗೆ ಗಾಡಿಯನ್ನು ಒಂದೇ ಒಂದು ಸಲವೂ ಹೊಗಳಿರಲಿಲ್ಲ. 2019ರ ಮಾದರಿಯಲ್ಲಿ ಹಿಂದೆ ಕೂತವರಿಗೆ ಒರಗುವುದಕ್ಕೆ ಬ್ಯಾಕ್‌ರೆಸ್ಟ್ ಕಂಪನಿಯೇ ಕೊಟ್ಟಿತು, ನೀವು ಒಂದು ವರ್ಷ ಮೊದಲೇ ಓಡಿ ಹೋಗಿ ತಂದಿರಿ ಅನ್ನುವುದು ಅವಳ ನಿತ್ಯದ ಮಂತ್ರ. ಆವತ್ತು ಅರ್ಧ ಘಾಟಿ ಹತ್ತಿದ ಮೇಲೆ, "ಪರವಾಗಿಲ್ಲ ಕಣ್ರೀ, ಬೆನ್ನು ನೋಯ್ತಿಲ್ಲ" ಅಂದಳು.

ವಾಪಸ್ ಬರುವಾಗ ಹನೂರಿನಲ್ಲಿ ಎಳನೀರಿಗೆ ನಿಲ್ಲಿಸಿದೆವು. ಎದುರಿನಿಂದ ಇನ್ನೊಂದು ಇಂಟ್ರೂಡರ್, ಪೂರ್ತಿ ಕಪ್ಪು. ನಾನು ಕೈ ಎತ್ತುವ ಮೊದಲೇ ಅವನು ಹಾರ್ನ್ ಹೊಡೆದು ನಿಲ್ಲಿಸಿದ. ಇಪ್ಪತ್ತೈದರ ಹುಡುಗ, ಆರಡಿ ಎತ್ತರ. ಮೊಣಕಾಲು ಹ್ಯಾಂಡಲ್ ಹತ್ತಿರ ಬಂದಿತ್ತು. ಮಾವನ ಗಾಡಿಯಂತೆ, ಬಿಟ್ಟಿ ಸಿಕ್ಕಿದ್ದಂತೆ. ಅವನಿಗೆ ಇದರ ಮೇಲೆ ಪ್ರೀತಿ ಇಲ್ಲ. "ದೊಡ್ಡ ಗಾಡಿ ಅಂತ ಎಲ್ಲಾರೂ ದಾರಿ ಬಿಡ್ತಾರಣ್ಣ, ಆಮೇಲೆ ನಾವು ಬೇಗ ಹೋಗಲ್ಲ ಅಂತ ಬೈತಾರೆ" ಅಂದ. ಇದಕ್ಕಿಂತ ಚೆನ್ನಾಗಿ ಈ ಗಾಡಿಯ ವಿಮರ್ಶೆಯನ್ನು ನಾನಂತೂ ಬರೆಯಲಾರೆ. ನಮ್ಮ ಆಫೀಸಿನಲ್ಲೂ ಒಬ್ಬರು ಇದನ್ನು ತಗೊಂಡು ಎರಡೇ ವರ್ಷಕ್ಕೆ ಮಾರಿದರು. ಅವರಿಗೆ ಇಂಜಿನ್ ಸಾಲಲಿಲ್ಲ. ಈಗ 350 ಸಿಸಿ ಗಾಡಿಯಲ್ಲಿ ಬರುತ್ತಾರೆ, ಸಿಗ್ನಲ್‌ನಲ್ಲಿ ಬೆರಳ ತುದಿಯಲ್ಲಿ ನಿಲ್ಲುತ್ತಾರೆ. ನಾನು ಏನೂ ಅನ್ನುವುದಿಲ್ಲ, ನನ್ನ ಹಿಮ್ಮಡಿ ಮಾತ್ರ ನೋಡಿಕೊಳ್ಳುತ್ತೇನೆ.

ಹಾಗಾಗಿ ಕೇಳುವವರಿಗೆ ನನ್ನ ಲೆಕ್ಕ ಇಷ್ಟು. ಎತ್ತರ ಐದೂವರೆ ಅಡಿ ದಾಟಿದ್ದರೆ ಇದರ ಗೊಡವೆ ಬೇಡ, ಜಿಕ್ಸರ್ ತಗೊಳ್ಳಿ. ಕುಳ್ಳಗಿದ್ದು, 80ರ ಒಳಗೆ ಓಡಿಸುವವರಾಗಿದ್ದು, ನಗುವವರ ಜೊತೆ ನಗಲು ಬರುತ್ತದೆ ಅಂದರೆ 35 ಸಾವಿರದೊಳಗೆ ಸಿಕ್ಕರೆ ನೋಡಿ. ನೋಡುವಾಗ ಇಂಜಿನ್ ಸದ್ದಿಗಿಂತ ಮೊದಲು ಪ್ಲಾಸ್ಟಿಕ್ ನೋಡಿ. ಎಲ್ಲ ರೆಕ್ಕೆಗಳ ಹಿಂದೆ ಬೆರಳಾಡಿಸಿ. ಪಿನ್ನು ಸಿಕ್ಕಿದರೆ ಬೆಲೆ ಇಳಿಸಿ.

ಹಾಗೇ ಇನ್ನೊಂದು. ಯಾರಾದರೂ ಗಾಡಿ ಗುಜರಿಗೆ ಹಾಕುತ್ತಿದ್ದರೆ ದಯವಿಟ್ಟು ಎಡಗಡೆ ರೆಕ್ಕೆ ಬಿಚ್ಚಿ ಇಟ್ಟುಕೊಂಡಿರಿ, ನಾನೇ ಬಂದು ತಗೊಂಡು ಹೋಗುತ್ತೇನೆ. ಬಣ್ಣ ಯಾವುದಾದರೂ ಪರವಾಗಿಲ್ಲ.